ಗುಂಜೋಟಿಕರ: ಊರು ಬಿಟ್ಟವರ ಜೊತೆ ಹೋದ ಹೆಸರು

ಗುಂಜೋಟಿಕರ ಎಂಬುದು ವಿರಳವಾದ ಅಡ್ಡಹೆಸರು. ಪಾಟೀಲ, ಕುಲಕರ್ಣಿ, ಬಿರಾದಾರ, ದೇಶಮುಖರ ಹಾಗೆ ಗಡಿಸೀಮೆಯ ಪ್ರತಿ ಊರಿನಲ್ಲೂ ಸಿಗುವಂಥದಲ್ಲ. ಇದರ ಮೂಲ ಮಹಾರಾಷ್ಟ್ರದ ಧಾರಾಶಿವ ಜಿಲ್ಲೆಯ ಉಮರ್ಗಾ ತಾಲೂಕಿನ ಗುಂಜೋಟಿ ಗ್ರಾಮ. ಉಸ್ಮಾನಾಬಾದ್ ಎಂದಿದ್ದ ಈ ಜಿಲ್ಲೆಗೆ 2023ರಲ್ಲಿ ಹೊಸ ಹೆಸರು ಬಂದಿದೆ. ಉಮರ್ಗಾದ ಪೂರ್ವಕ್ಕೂ ದಕ್ಷಿಣಕ್ಕೂ ಕರ್ನಾಟಕದ ಬಸವಕಲ್ಯಾಣ, ಆಳಂದ ತಾಲೂಕುಗಳಿವೆ; ಉತ್ತರಕ್ಕೆ ನಿಲಂಗಾ, ಅದರಾಚೆ ಉದಗೀರ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಅಜ್ಜನ ಕಾಲದ ಕಾಗದಗಳಲ್ಲಿ ಉರ್ದು ಮತ್ತು ಮರಾಠಿಯ ಮೋಡಿ ಲಿಪಿ, ಇವು ಒಂದೇ ಕುಟುಂಬದಲ್ಲಿ ಕಾಣಸಿಗುವ ಸೀಮೆ ಇದು. ಅಡ್ಡಹೆಸರಿನ ಚರಿತ್ರೆ ಬರೆಯಲು ಇದಕ್ಕಿಂತ ಫಲವತ್ತಾದ ನೆಲ ದಖ್ಖನಿನಲ್ಲಿ ವಿರಳ.

ಊರಿನ ಹೆಸರಿಗೆ ‘ಕರ’ ಸೇರಿಸಿದರೆ ಆ ಊರಿನವರು ಎಂದಾಗುತ್ತದೆ. ಇದು ಮರಾಠಿಯ ರೂಢಿ. ಗುಂಜೋಟಿ, ಭಾಲ್ಕಿಗಳಂತೆ ‘ಇ’ಕಾರದಲ್ಲಿ ಮುಗಿಯುವ ಊರುಗಳಿಗೆ ಪ್ರತ್ಯಯ ನೇರವಾಗಿ ಹತ್ತುತ್ತದೆ. ಊರಿನ ಹೆಸರು ‘ಆ’ಕಾರದಲ್ಲಿ ಮುಗಿದರೆ ಅದು ‘ಏ’ ಆಗುತ್ತದೆ: ನಿಲಂಗಾದವರು ನಿಲಂಗೇಕರ, ಉಮರ್ಗಾದವರು ಉಮರ್ಗೇಕರ, ಔಸಾದವರು ಔಸೇಕರ. ಉದಗೀರ, ದೇಗಲೂರು, ಚಾಕೂರುಗಳಿಂದ ಉದಗೀರಕರ, ದೇಗಲೂರಕರ, ಚಾಕೂರಕರ ಬಂದಿವೆ. ಅಡ್ಡಹೆಸರಿನಿಂದ ಹಿಂದಕ್ಕೆ ಊರನ್ನು ಹುಡುಕುವವರಿಗೆ ಈ ಸಣ್ಣ ನಿಯಮ ಬಹಳ ಸಹಾಯಕ.

ಇಂಥ ಹೆಸರು ಹುಟ್ಟುವುದು ಆ ಊರಿನಲ್ಲಿ ಅಲ್ಲ. ಗುಂಜೋಟಿಯೊಳಗೆ ಎಲ್ಲರೂ ಗುಂಜೋಟಿಯವರೇ. ಅಲ್ಲಿ ಒಬ್ಬರನ್ನು ಇನ್ನೊಬ್ಬರಿಂದ ಬೇರೆಯಾಗಿ ಗುರುತಿಸಲು ಕಸುಬೋ ವತನವೋ ಮಠದ ಸಂಬಂಧವೋ ಬೇಕು. ಅದಕ್ಕೇ ಆ ಭಾಗದ ಹಳ್ಳಿಗಳಲ್ಲಿ ಮಾಲಿಪಾಟೀಲ, ಬಿರಾಜದಾರ, ಮಠಪತಿ, ಸ್ವಾಮಿ, ಕುಂಬಾರ, ಗುರವ ಇಂಥ ಹೆಸರುಗಳು. ಕುಟುಂಬವೊಂದು ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋಗಿ ಬಿಡಾರ ಹೂಡಿದಾಗ, ಅಲ್ಲಿಯ ಜನ ಅವರನ್ನು ಬಂದ ಊರಿನಿಂದ ಕರೆಯುತ್ತಾರೆ. ಆದ್ದರಿಂದ ಗುಂಜೋಟಿಕರರ ಮನೆಗಳನ್ನು ಗುಂಜೋಟಿಯಲ್ಲಿ ಹುಡುಕುವುದಕ್ಕಿಂತ ಹೊರಗೆ ಹುಡುಕುವುದು ಸರಿಯಾದ ದಾರಿ. ನಕ್ಷೆಯಲ್ಲಿ ಈ ಹೆಸರುಗಳನ್ನು ಗುರುತಿಸುತ್ತ ಹೋದರೆ ಸಿಗುವುದು ಜನ ಹೊರಟುಹೋದ ದಾರಿಗಳ ಚಿತ್ರ.

ಊರು ಬಿಟ್ಟ ಮೇಲೂ ಊರಿನ ಹೆಸರನ್ನು ಹೊತ್ತು ನಡೆಯುವ ರೂಢಿ ಈ ಸೀಮೆಯಲ್ಲಿ ಸಾವಿರ ವರ್ಷಕ್ಕೂ ಹಳೆಯದು. ಮಾನ್ಯಖೇಟದ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದ ರಾಷ್ಟ್ರಕೂಟರು ತಮ್ಮನ್ನು ಲತ್ತಲೂರು ಪುರದ ಒಡೆಯರೆಂದು ಕರೆದುಕೊಂಡರು. ಅಮೋಘವರ್ಷನ ಕಾಲದ, 866ರ ಸಿರೂರು ಶಾಸನದಲ್ಲಿ ಈ ಬಿರುದು ಇದೆ. ಲತ್ತಲೂರೇ ಇಂದಿನ ಲಾತೂರು ಎಂದು ವಿದ್ವಾಂಸರು ಗುರುತಿಸಿದ್ದಾರೆ. ರಾಷ್ಟ್ರಕೂಟರ ಆಳ್ವಿಕೆ ಮುಗಿದ ಮೇಲೂ ಆ ಬಿರುದು ಉಳಿಯಿತು. ದೂರದ ಬೆಳಗಾವಿ ಸೀಮೆಯಲ್ಲಿ ಆಳಿದ ಸವದತ್ತಿಯ ರಟ್ಟರು ಹದಿಮೂರನೆಯ ಶತಮಾನದವರೆಗೂ ಲತ್ತಲೂರನ್ನು ತಮ್ಮ ಪ್ರಶಸ್ತಿಗಳಲ್ಲಿ ಬರೆಸಿದರು. ಇದಕ್ಕೆ ಜೋಡಿಯಾಗಿ ಶಿಲಾಹಾರರ ಕಥೆಯಿದೆ. ಕೊಲ್ಲಾಪುರದ ಶಿಲಾಹಾರರೂ ಉತ್ತರ ಕೊಂಕಣದ ಶಿಲಾಹಾರರೂ ತಗರ ಪುರದ ಅಧೀಶ್ವರರೆಂದು ಹೇಳಿಕೊಂಡವರು. ತಗರ ಎಂದರೆ ಧಾರಾಶಿವ ಜಿಲ್ಲೆಯಲ್ಲೇ ಇರುವ ತೇರ. ಕ್ರಿಸ್ತಶಕ ಮೊದಲ ಶತಮಾನದ ಗ್ರೀಕ್ ಸಮುದ್ರಯಾನ ಗ್ರಂಥ ‘ಪೆರಿಪ್ಲಸ್’, ಪೈಠಣದಿಂದ ಪೂರ್ವಕ್ಕೆ ಹತ್ತು ದಿನಗಳ ಹಾದಿಯಲ್ಲಿರುವ ದೊಡ್ಡ ಪಟ್ಟಣವೆಂದು ಬಣ್ಣಿಸಿದ ಊರು. ಕೊಲ್ಲಾಪುರದ ಶಿಲಾಹಾರರ ಶಾಸನಗಳಲ್ಲಿ ಹಲವು ಕನ್ನಡದವು. ಗಂಗರ ಬಿರುದಿನಲ್ಲಿ ಕುವಲಾಲ, ಅಂದರೆ ಕೋಲಾರ. ಹಾನಗಲ್ಲು ಮತ್ತು ಗೋವೆಯ ಕದಂಬರ ಬಿರುದಿನಲ್ಲಿ ಬನವಾಸಿ. ಅರಸರು ಬಿರುದಾಗಿ ಇಟ್ಟುಕೊಂಡದ್ದನ್ನು ನಂತರದ ಕಾಲದ ರೈತ, ವ್ಯಾಪಾರಿ, ಗುಮಾಸ್ತ ಅಡ್ಡಹೆಸರಾಗಿ ಇಟ್ಟುಕೊಂಡರು. ಎರಡರ ಹಿಂದೆಯೂ ಇರುವ ಭಾವ ಒಂದೇ: ಎಲ್ಲಿ ಇದ್ದರೂ ನಾವು ಇಂಥ ಊರಿನವರು. ಮರಾಠವಾಡಾ ಗಡಿಯ ಎರಡು ಊರುಗಳು, ಲಾತೂರು ಮತ್ತು ತೇರ, ಇಷ್ಟು ದೂರ ಇಷ್ಟು ಕಾಲ ಹೆಸರಿನ ರೂಪದಲ್ಲಿ ಸಂಚರಿಸಿದವು ಎಂಬುದನ್ನು ಕನ್ನಡಿಗರು ಮರೆಯಬಾರದು.

ಊರನ್ನು ಹೆಸರಿಗೆ ಸೇರಿಸುವ ಬಗೆ ಭಾಷೆಯಿಂದ ಭಾಷೆಗೆ ಬೇರೆ. ಧಾರವಾಡದ ಕಡೆ ಊರಿನ ಹೆಸರನ್ನು ಯಾವ ಪ್ರತ್ಯಯವೂ ಇಲ್ಲದೆ ಹಾಗೆಯೇ ಇಟ್ಟುಕೊಳ್ಳುತ್ತಾರೆ: ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನಸೂರ, ಆಲೂರು ವೆಂಕಟರಾಯರು, ಕೆರೂರು ವಾಸುದೇವಾಚಾರ್ಯರು. ಹಳೆಯ ಮೈಸೂರಿನಲ್ಲಿ ಊರು ಇನಿಶಿಯಲ್ಲಿನೊಳಗೆ ಅಡಗುತ್ತದೆ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಕೆ.ವಿ. ಪುಟ್ಟಪ್ಪ ಆಗುತ್ತಾರೆ. ತೆಲುಗರಲ್ಲಿ ಊರು ಮನೆಹೆಸರಾಗಿ ಮುಂದೆ ನಿಲ್ಲುತ್ತದೆ: ಸರ್ವೇಪಲ್ಲಿ ರಾಧಾಕೃಷ್ಣನ್. ಉರ್ದುವಿನಲ್ಲಿ ಹದಿನೆಂಟನೆಯ ಶತಮಾನದ ಕವಿ ಸಿರಾಜ್ ಔರಂಗಾಬಾದಿಯಂತೆ ಊರಿಗೆ ‘ಈ’ ಸೇರುತ್ತದೆ. ಉಮರ್ಗಾ, ನಿಲಂಗಾ, ಉದಗೀರಗಳಲ್ಲಿ ಈ ಭಾಷೆಗಳೆಲ್ಲ ಒಂದರ ಮಗ್ಗುಲಿಗೆ ಒಂದು ಬದುಕಿದವು. ಹೀಗಾಗಿ ಒಂದೇ ಊರಿನಿಂದ ಹೊರಟ ಎರಡು ಕುಟುಂಬಗಳಲ್ಲಿ ಒಂದಕ್ಕೆ ‘ಕರ’ ಅಂಟಿ, ಇನ್ನೊಂದು ಬರಿಯ ಊರಿನ ಹೆಸರಿನಿಂದ ಗುರುತಿಸಿಕೊಳ್ಳುವುದು ಸಹಜ. ಇನ್ನೊಂದು ಬಗೆ ಕಾಗದಕ್ಕೆ ಏರಲೇ ಇಲ್ಲ: ಮದುವೆಯಾಗಿ ಬಂದ ಸೊಸೆಯನ್ನು ತವರೂರಿನ ಹೆಸರಿನಿಂದ ಕರೆಯುವುದು. ಊರು ಬಿಟ್ಟವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಅವರ ಜೊತೆ ಹೋದ ಊರಿನ ಹೆಸರು ಒಂದೇ ತಲೆಮಾರಿಗೆ ಮುಗಿಯಿತು.

ಸಣ್ಣ ಊರಾದ ಗುಂಜೋಟಿಯಿಂದ ಅಡ್ಡಹೆಸರು ಹೊರಟದ್ದರ ಹಿಂದೆ ಆಡಳಿತದ ಕಾರಣವೂ ಇರಬಹುದು. ನಿಜಾಮರ ರಾಜ್ಯದಲ್ಲಿ ಪಾಯಗಾ ಎಂಬ ಸರದಾರ ಮನೆತನಗಳಿಗೆ ಸೇರಿದ ದೊಡ್ಡ ಜಹಗೀರುಗಳಿದ್ದವು. ಅವುಗಳಿಗೆ ತಮ್ಮದೇ ಕಚೇರಿ, ತಮ್ಮದೇ ಕಾರಕೂನರು. ಅಂಥ ಒಂದು ಪಾಯಗಾ ತಾಲೂಕಿಗೆ ಗುಂಜೋಟಿಯದೇ ಹೆಸರಿತ್ತು. ಕಚೇರಿಯಿದ್ದ ಊರಿನ ಹೆಸರು ಹೊರಗೆ ಹೆಚ್ಚು ಕೇಳಿಬರುತ್ತದೆ. ಅಲ್ಲಿಂದ ವರ್ಗವಾಗಿ, ಕೆಲಸ ಹುಡುಕಿಕೊಂಡು ಹೊರಟವರು ಆ ಹೆಸರನ್ನು ಒಯ್ಯುತ್ತಾರೆ. 1949ರಲ್ಲಿ ಹೈದರಾಬಾದ್ ರಾಜ್ಯದ ಜಹಗೀರುಗಳು ರದ್ದಾದಾಗ ಆ ಕಚೇರಿಗಳ ಕಾಲ ಮುಗಿಯಿತು.

ಗುಂಜೋಟಿಯ ಹೆಸರು ಹೈದರಾಬಾದ್ ವಿಮೋಚನೆಯ ಚರಿತ್ರೆಯಲ್ಲೂ ಇದೆ. 1930ರ ದಶಕದಲ್ಲಿ ಅಲ್ಲಿ ಪ್ರಾಣ ತೆತ್ತ ಆರ್ಯಸಮಾಜದ ಯುವಕ ವೇದಪ್ರಕಾಶರ ಮೊದಲ ಹೆಸರು ದಾಸಪ್ಪ. ಊರಿನೊಳಗೆ ‘ಅಪ್ಪ’ ಸೇರಿದ ಕನ್ನಡ ರೀತಿಯ ಹೆಸರು, ದೀಕ್ಷೆಯಿಂದ ಬಂದ ಸಂಸ್ಕೃತ ಹೆಸರು, ಹೊರಗಿನವರು ಗುರುತಿಸುವಾಗ ಗುಂಜೋಟಿ: ಒಬ್ಬ ವ್ಯಕ್ತಿಯಲ್ಲೇ ಮೂರು ಪದರ. ಇದೇ ಚಳವಳಿಯ ನಾಯಕ ಸ್ವಾಮಿ ರಾಮಾನಂದ ತೀರ್ಥರು ಸನ್ಯಾಸಕ್ಕೆ ಮೊದಲು ವೆಂಕಟೇಶ ಖೇಡಗೀಕರ. ವಿಜಯಪುರ ಜಿಲ್ಲೆಯಲ್ಲಿ ಹುಟ್ಟಿದ ಅವರು ಉಮರ್ಗಾ ಸೀಮೆಗೆ ಹತ್ತಿರದ ಹಿಪ್ಪರಗಾದ ರಾಷ್ಟ್ರೀಯ ಶಾಲೆಯಲ್ಲಿ ಪಾಠ ಹೇಳಿದವರು.

ಬಾಯಲ್ಲಿದ್ದ ಹೆಸರನ್ನು ಗಟ್ಟಿಮಾಡಿದ್ದು ಶಾಲೆಯ ದಾಖಲಾತಿ ಪುಸ್ತಕ. ಮರಾಠಿ ಶಾಲೆಯ ಅರ್ಜಿ ಮಗುವಿನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಈ ಮೂರನ್ನೂ ಕೇಳುತ್ತದೆ. ಅಡ್ಡಹೆಸರಿಲ್ಲದವರು ಆ ಹೊತ್ತಿಗೆ ಏನಾದರೊಂದು ಬರೆಸಲೇಬೇಕು; ಹೊರಗಿನಿಂದ ಬಂದವರಿಗೆ ಊರೇ ಹತ್ತಿರದ ಉತ್ತರ. ಅಂಬೇಡ್ಕರರ ಹೆಸರು ಇದಕ್ಕೆ ಪ್ರಸಿದ್ಧ ನಿದರ್ಶನ: ಸಕಪಾಳ ಮನೆತನದ ಬಾಲಕನ ಹೆಸರು ಶಾಲೆಯಲ್ಲಿ ರತ್ನಾಗಿರಿ ಜಿಲ್ಲೆಯ ಅಂಬಡವೆ ಗ್ರಾಮದಿಂದ ಅಂಬಡವೇಕರ ಎಂದು ದಾಖಲಾಗಿ, ಮುಂದೆ ಅಂಬೇಡ್ಕರ್ ಆಯಿತು. ಗೋವೆಯ ಮಂಗೇಶಿ ಗ್ರಾಮದಿಂದ ದೀನಾನಾಥರು ಮಂಗೇಶಕರ ಎಂಬ ಹೆಸರನ್ನು ತಾವಾಗಿ ಇಟ್ಟುಕೊಂಡರು. ಗಡಿಸೀಮೆಯಲ್ಲಿ ಮತ್ತೊಂದು ದಾರಿಯೂ ಇತ್ತು. ಪಾಟೀಲ ಎಂಬ ಹೆಸರು ಎಷ್ಟು ಸಾಮಾನ್ಯವೆಂದರೆ ಸಾರ್ವಜನಿಕ ಬದುಕಿಗೆ ಬಂದವರಿಗೆ ಅದೊಂದೇ ಸಾಲದಾಯಿತು. 1985-86ರಲ್ಲಿ ಮಹಾರಾಷ್ಟ್ರದ ಮುಖ್ಯಮಂತ್ರಿಯಾಗಿದ್ದ ಶಿವಾಜಿರಾವ್ ಪಾಟೀಲ ನಿಲಂಗೇಕರ, 1991ರಿಂದ 1996ರವರೆಗೆ ಲೋಕಸಭೆಯ ಸ್ಪೀಕರ್ ಆಗಿದ್ದ ಶಿವರಾಜ ಪಾಟೀಲ ಚಾಕೂರಕರ ಇಬ್ಬರೂ ಪಾಟೀಲರೇ. ಅವರನ್ನು ಬೇರೆ ಪಾಟೀಲರಿಂದ ಬೇರ್ಪಡಿಸಿದ್ದು ಊರು. ಹೀಗೆ ಅತಿ ಸಾಮಾನ್ಯ ಹೆಸರೇ ವಿರಳ ಹೆಸರನ್ನು ಹುಟ್ಟಿಸುತ್ತದೆ.

ಗಡಿಸೀಮೆಯ ‘ಕರ’ರು ಹರಡಿದ ದಿಕ್ಕುಗಳನ್ನು ಚರಿತ್ರೆಯೇ ತೋರಿಸುತ್ತದೆ. 1948ರವರೆಗೆ ದೊಡ್ಡ ಊರು ಎಂದರೆ ಹೈದರಾಬಾದ್: ಸರ್ಕಾರಿ ನೌಕರಿ, ವಕೀಲಿ, 1918ರಿಂದ ಉಸ್ಮಾನಿಯಾ ವಿಶ್ವವಿದ್ಯಾಲಯ. ಪಶ್ಚಿಮಕ್ಕೆ ಬ್ರಿಟಿಷ್ ಆಡಳಿತದ ಸೊಲ್ಲಾಪುರವಿತ್ತು. 1877ರಲ್ಲಿ ಆರಂಭವಾದ, ಜನ ‘ಜುನಿ ಗಿರಣಿ’ ಎಂದೇ ಕರೆದ ಬಟ್ಟೆ ಗಿರಣಿ ಮತ್ತು ಅದರ ಹಿಂದೆ ಬಂದ ಗಿರಣಿಗಳು ಸುತ್ತಲಿನ ಕನ್ನಡ, ಮರಾಠಿ, ತೆಲುಗು ಹಳ್ಳಿಗಳಿಂದ ಕೂಲಿಕಾರರನ್ನು ಸೆಳೆದವು. 1911ರಲ್ಲಿ ಬಾರ್ಶಿ ಲೈಟ್ ರೈಲ್ವೆ ಲಾತೂರಿಗೆ ಬಂದಾಗ ಹತ್ತಿ, ಕಾಳುಗಳ ವ್ಯಾಪಾರಿಗಳಿಗೆ ಪುಣೆ, ಮುಂಬೈ ಹತ್ತಿರವಾದವು. ಉಮರ್ಗಾ ಇಂದಿಗೂ ಪುಣೆ–ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯ ಮೇಲಿದೆ. ಉದಗೀರ ಬೀದರ, ಭಾಲ್ಕಿಗಳ ಜೊತೆ ಒಂದೇ ರೈಲುಮಾರ್ಗದಲ್ಲಿದೆ. ಗುಂಜೋಟಿಕರ, ಉಮರ್ಗೇಕರರನ್ನು ಹೆದ್ದಾರಿಯ ಎರಡು ತುದಿಗಳಲ್ಲಿ, ಉದಗೀರಕರರನ್ನು ಬೀದರ, ಹೈದರಾಬಾದ್, ನಾಂದೇಡಗಳ ಕಡೆ ಮೊದಲು ಹುಡುಕಬೇಕು.

ಊರು ಬಿಡದವರ ವಿಳಾಸವೂ ಬದಲಾಯಿತು. 1956ರ ನವೆಂಬರ್ 1ರಂದು ಬೀದರ ಜಿಲ್ಲೆಯ ಉದಗೀರ, ನಿಲಂಗಾ, ಅಹಮದಪುರ ತಾಲೂಕುಗಳು ಮುಂಬೈ ರಾಜ್ಯಕ್ಕೆ ಹೋಗಿ ಉಸ್ಮಾನಾಬಾದ್ ಜಿಲ್ಲೆಗೆ ಸೇರಿದವು. ಉಳಿದ ಬೀದರದ ಹೆಚ್ಚಿನ ಭಾಗ ಮೈಸೂರಿಗೆ ಬಂತು. 1960ರಲ್ಲಿ ಮಹಾರಾಷ್ಟ್ರ, 1982ರಲ್ಲಿ ಲಾತೂರು ಜಿಲ್ಲೆ. ನಿಲಂಗಾದಲ್ಲೇ ಹುಟ್ಟಿ ಅಲ್ಲೇ ಬಾಳಿದ ಹಿರಿಯರ ಕಾಗದಗಳಲ್ಲಿ ಮೂರು ಜಿಲ್ಲೆ, ಮೂರು ರಾಜ್ಯಗಳ ಹೆಸರು ಬರುತ್ತವೆ. ಬದಲಾಗದೆ ಉಳಿದದ್ದು ಊರಿನ ಹೆಸರು ಮಾತ್ರ. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪ ಔಸಾ ಮತ್ತು ಉಮರ್ಗಾ ತಾಲೂಕುಗಳ ಹಳ್ಳಿಗಳನ್ನು ನೆಲಸಮ ಮಾಡಿದಾಗ ಹಲವು ಊರುಗಳು ಹೊಸ ಜಾಗದಲ್ಲಿ ಹಳೆಯ ಹೆಸರಿನಿಂದಲೇ ಮತ್ತೆ ಎದ್ದವು.

ವಿರಳ ಅಡ್ಡಹೆಸರುಗಳ ಅಧ್ಯಯನ ಇಂಗ್ಲೆಂಡಿನಲ್ಲಿ ಬಹಳ ಮುಂದೆ ಸಾಗಿದೆ. 1890ರಲ್ಲೇ ಹೆನ್ರಿ ಗಪ್ಪಿ ಎಂಬುವವರು ಜಿಲ್ಲೆಜಿಲ್ಲೆಯ ರೈತರ ಹೆಸರುಗಳನ್ನು ಕಲೆಹಾಕಿ ಯಾವ ಹೆಸರು ಎಲ್ಲಿ ಬೇರೂರಿದೆ ಎಂದು ತೋರಿಸಿದರು. ರೈತರೇ ನೆಲ ಬಿಟ್ಟು ಕದಲದವರು ಎಂಬುದು ಅವರ ಲೆಕ್ಕ. 2000ದಲ್ಲಿ ಆಕ್ಸ್‌ಫರ್ಡಿನ ತಳಿವಿಜ್ಞಾನಿ ಬ್ರಯನ್ ಸೈಕ್ಸ್ ತಮ್ಮದೇ ಅಡ್ಡಹೆಸರಿನ ಗಂಡಸರ ವೈ ಕ್ರೋಮೋಸೋಮುಗಳನ್ನು ಪರೀಕ್ಷಿಸಿದಾಗ ಸುಮಾರು ಅರ್ಧದಷ್ಟು ಮಂದಿಯಲ್ಲಿ ಒಂದೇ ಗುರುತು ಸಿಕ್ಕಿತು. ಯಾರ್ಕ್‌ಶೈರಿನ ಆ ಹೆಸರು ಒಬ್ಬನೇ ಪೂರ್ವಜನಿಂದ ಬಂದಿರಬಹುದು ಎಂಬ ತೀರ್ಮಾನಕ್ಕೆ ಅದು ದಾರಿಯಾಯಿತು. ಗಪ್ಪಿಯ ವಿಧಾನವನ್ನು ಗಡಿಸೀಮೆಗೆ ಹಾಗೆಯೇ ಅನ್ವಯಿಸಿದರೆ ಪಾಟೀಲ, ಬಿರಾದಾರರಿಗೆ ಸರಿಹೋದೀತು, ಗುಂಜೋಟಿಕರರಿಗೆ ಹೊಂದುವುದಿಲ್ಲ; ನೆಲದಲ್ಲಿ ಉಳಿದ ರೈತನಿಗೆ ಈ ಹೆಸರಿಲ್ಲ. ಸೈಕ್ಸರ ತೀರ್ಮಾನವೂ ಇಲ್ಲಿ ಹೊಂದುವುದಿಲ್ಲ. ಗುಂಜೋಟಿಯಿಂದ ಬೇರೆಬೇರೆ ಕಾಲದಲ್ಲಿ ಹೊರಟ ಬ್ರಾಹ್ಮಣ, ಲಿಂಗಾಯತ, ಮರಾಠ, ದಲಿತ ಕುಟುಂಬಗಳಿಗೆ ರಕ್ತಸಂಬಂಧ ಇಲ್ಲದೆಯೂ ಒಂದೇ ಹೆಸರು ಬರಬಹುದು. ‘ಕರ’ ಊರನ್ನು ಹೇಳುತ್ತದೆ, ಜಾತಿಯನ್ನು ಹೇಳುವುದಿಲ್ಲ. ಜಾತಿಯನ್ನು ಹೆಸರಿನಲ್ಲಿ ಹುಡುಕುವ ಸಮಾಜದಲ್ಲಿ ಇದು ಈ ಹೆಸರುಗಳ ದೊಡ್ಡ ಗುಣ.

ಹುಡುಕಾಟದಲ್ಲಿ ದಾರಿ ತಪ್ಪುವ ಸಂದರ್ಭಗಳೂ ಇವೆ. ಆಳಂದಕರ ಕಲಬುರಗಿಯ ಆಳಂದದವರು, ಆಳಂದೀಕರ ಪುಣೆ ಬಳಿಯ ಆಳಂದಿಯವರು. ಕಲ್ಯಾಣಕರ ಎಂದರೆ ಬಸವಣ್ಣನ ಕಲ್ಯಾಣವೋ ಮುಂಬೈ ಮಗ್ಗುಲಿನ ಕಲ್ಯಾಣವೋ ಹೆಸರಿನಿಂದಷ್ಟೇ ತಿಳಿಯದು. ಹಿಪ್ಪರಗಾ, ಹಿಪ್ಪರಗಿ ಎಂಬ ಊರುಗಳು ಗಡಿಯ ಎರಡೂ ಕಡೆ ಹಲವಿವೆ. ‘ಮೋಚನಗಡ’ ಎಂಬ ಮರಾಠಿ ಐತಿಹಾಸಿಕ ಕಾದಂಬರಿ ಬರೆದ ರಾಮಚಂದ್ರ ಭಿಕಾಜಿ ಗುಂಜೀಕರರು ಬೆಳಗಾವಿ ಸೀಮೆಯವರು. ಗುಂಜೋಟಿಗೂ ಅವರ ಹೆಸರಿಗೂ ಸಂಬಂಧ ಕಲ್ಪಿಸಬಾರದು. ಗುಂಜೋಟಿಯಂಥ, ಎಲ್ಲೆಡೆ ಮರುಕಳಿಸದ ಊರಹೆಸರಿನಿಂದ ಬಂದ ಅಡ್ಡಹೆಸರೇ ಸಂಶೋಧಕನಿಗೆ ಹೆಚ್ಚು ನಂಬಿಕೆಯ ಸಾಕ್ಷಿ.

ಭಾರತದ ಜನಗಣತಿ ವ್ಯಕ್ತಿಗಳ ಹೆಸರನ್ನು ಪ್ರಕಟಿಸುವುದಿಲ್ಲವಾದ್ದರಿಂದ ಬೇರೆ ಆಕರಗಳು ಬೇಕು. ಮತದಾರರ ಪಟ್ಟಿ, ಪಹಣಿ ಮತ್ತು ಸಾತ್‌ಬಾರಾ ಉತಾರಗಳು, ಹಳೆಯ ಶಾಲಾ ದಾಖಲೆಗಳು, ತೀರ್ಥಕ್ಷೇತ್ರಗಳ ಪುರೋಹಿತರು ಊರುವಾರು ಬರೆದಿಟ್ಟ ವಹಿಗಳು, ಹೈದರಾಬಾದಿನ ರಾಜ್ಯ ಪತ್ರಾಗಾರದಲ್ಲಿರುವ ನಿಜಾಮರ ಕಾಲದ ಉರ್ದು ಮತ್ತು ಪಾರಸಿ ಕಾಗದಗಳು ಇವೆಲ್ಲ ಇವೆ. ಉತ್ತರ ಕರ್ನಾಟಕ ಮತ್ತು ದಕ್ಷಿಣ ಮಹಾರಾಷ್ಟ್ರದ ರೈತ ಮನೆತನಗಳಿಗೆ ಹೆಳವರೆಂಬ ವಂಶಾವಳಿಗಾರರಿದ್ದಾರೆ. ಎತ್ತಿನ ಮೇಲೆ, ಬಂಡಿಯ ಮೇಲೆ ಊರೂರು ತಿರುಗಿ, ಮನೆತನದ ಮೂಲ ಊರು, ಅಲ್ಲಿಂದ ಹೊರಟ ಕಾರಣ, ಕವಲೊಡೆದ ಅಣ್ಣತಮ್ಮಂದಿರ ಹೆಸರುಗಳನ್ನು ಓದಿ ಹೇಳುವುದು ಅವರ ಪರಂಪರೆಯ ವೃತ್ತಿ. ಅವರ ಪುಸ್ತಕಗಳಲ್ಲಿ ಇರುವಷ್ಟು ವಲಸೆಯ ಚರಿತ್ರೆ ಯಾವ ಸರ್ಕಾರಿ ಕಡತದಲ್ಲೂ ಇಲ್ಲ. ಹೊಸ ತಲೆಮಾರಿನ ಹೆಳವರು ಬೇರೆ ಕೆಲಸಗಳಿಗೆ ಹೋಗುತ್ತಿದ್ದಾರೆ. ಮೋಡಿ ಮತ್ತು ಉರ್ದು ಓದಬಲ್ಲ ಹಿರಿಯರೂ ಕಡಿಮೆಯಾಗುತ್ತಿದ್ದಾರೆ. ಗುಂಜೋಟಿಕರ, ನಿಲಂಗೇಕರ, ಉದಗೀರಕರ ಎಂಬ ಹೆಸರುಳ್ಳ ಮನೆಗಳು ಪೆಟ್ಟಿಗೆಯಲ್ಲಿರುವ ಹಳೆಯ ಕಾಗದಗಳನ್ನು ಈಗಲೇ ಓದಿಸಿಡಲಿ. ಯಾವ ಅಜ್ಜ, ಯಾವ ವರ್ಷ, ಯಾವ ಕಾರಣಕ್ಕೆ ಊರು ಬಿಟ್ಟರು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ಬರೆದಿಡಲಿ.