ಪ್ಯಾಸ್ಕಲ್ ಹೆಚ್ಚಿದ್ದರೆ ಮನೆ ಚೊಕ್ಕಟವೇ?

ಬೆಂಗಳೂರಿನ ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಮೀನಿನ ಸಾಲಿನಲ್ಲಿ ಯಾರೂ ಕಣ್ಣು ಮುಚ್ಚಿ ಕೊಳ್ಳುವುದಿಲ್ಲ. ಕಿವಿರು ಎತ್ತಿ ಕೆಂಪಗಿದೆಯೇ ಎಂದು ನೋಡುತ್ತಾರೆ, ಬೆರಳಿನಿಂದ ಒತ್ತಿ ನೋಡುತ್ತಾರೆ. ತರಕಾರಿಯ ಕಡೆ ಬಂದರೆ ಬದನೆಕಾಯಿಯನ್ನು ತಿರುಗಿಸಿ ಹುಳದ ತೂತು ಹುಡುಕುತ್ತಾರೆ, ತೂಕ ಮಾಡುವಾಗ ತಕ್ಕಡಿಯಿಂದ ಕಣ್ಣು ತೆಗೆಯುವುದಿಲ್ಲ. 1927ರಲ್ಲಿ ಎದ್ದು ನಿಂತ ಆ ಕಟ್ಟಡದೊಳಗೆ ತಲೆಮಾರುಗಳಿಂದ ನಡೆದುಬಂದ ವ್ಯಾಪಾರ ಅದು. ಕೊಳ್ಳುವವರೂ ಮಾರುವವರಷ್ಟೇ ಪಳಗಿದವರು. ಇದೇ ಜನ ಮೂವತ್ತು ನಲವತ್ತು ಸಾವಿರ ಕೊಟ್ಟು ನೆಲ ಗುಡಿಸುವ ರೋಬೋ ಕೊಳ್ಳಲು ಹೋದಾಗ ಕೇಳುವುದು ಮಾತ್ರ ಒಂದೇ ಪ್ರಶ್ನೆ: "ಎಷ್ಟು ಪ್ಯಾಸ್ಕಲ್?"

ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ 5,000, 8,000, 12,000 ಎಂಬ ಅಂಕಿಯೇ ರೋಬೋಟ್ ವ್ಯಾಕ್ಯೂಮ್ ಕ್ಲೀನರಿನ ಯೋಗ್ಯತೆ ಎಂಬ ನಂಬಿಕೆ ಎಷ್ಟು ಗಟ್ಟಿಯಾಗಿ ಬೇರೂರಿದೆ ಎಂದರೆ, ಫ್ರೇಜರ್ ಟೌನಿನಿಂದ ಇಂದಿರಾನಗರದವರೆಗೆ ಯಾರ ಮನೆಗೆ ಹೋದರೂ ಅದೇ ಮಾತು. "ನಮ್ಮದು ಐದು ಸಾವಿರದ್ದು, ಅದಕ್ಕೇ ಮೂಲೆಯಲ್ಲಿ ಧೂಳು ಉಳಿಯುತ್ತೆ. ಹತ್ತು ಸಾವಿರದ್ದು ತಗೋಬೇಕಿತ್ತು" ಎನ್ನುತ್ತಾರೆ. ಇಲ್ಲ. ಹತ್ತು ಸಾವಿರದ್ದು ತಂದರೂ ಆ ಮೂಲೆಯಲ್ಲಿ ಅದೇ ಧೂಳು ಇರುತ್ತದೆ. ರೋಬೋ ದುಂಡಗಿದೆ, ಮೂಲೆ ಚೌಕವಾಗಿದೆ. ಹೀರುವ ಬಾಯಿ ರೋಬೋದ ಹೊಟ್ಟೆಯ ನಡುವೆ ಇರುತ್ತದೆ. ಮೂಲೆಗೆ ತಲುಪುವುದು ಪಕ್ಕದ ಚಿಕ್ಕ ಬ್ರಷ್ಷಿನ ಕಡ್ಡಿಗಳು ಮಾತ್ರ. ಆ ಬ್ರಷ್ ಧೂಳನ್ನು ಎಳೆದು ಬಾಯಿಯ ದಾರಿಗೆ ಹಾಕದಿದ್ದರೆ ಪ್ಯಾಸ್ಕಲ್ ಎಷ್ಟಿದ್ದರೂ ವ್ಯರ್ಥ.

ಪ್ಯಾಸ್ಕಲ್ ಎಂಬುದು ಒತ್ತಡದ ಅಳತೆ. ಹೀರುವ ಯಂತ್ರದಲ್ಲಿ ಹೊರಗಿನ ಗಾಳಿಯ ಒತ್ತಡಕ್ಕಿಂತ ಒಳಗಿನದು ಎಷ್ಟು ಕಡಿಮೆ ಎಂದು ಅದು ಹೇಳುತ್ತದೆ. ಡಬ್ಬಿಯ ಮೇಲಿನ ಅಂಕಿ ಸಾಮಾನ್ಯವಾಗಿ ಸಿಗುವುದು ಗಾಳಿ ನುಸುಳದಂತೆ ಬಾಯಿಯನ್ನು ಪೂರ್ತಿ ಮುಚ್ಚಿ, ಫ್ಯಾನನ್ನು ಅತಿ ಹೆಚ್ಚಿನ ವೇಗದಲ್ಲಿ ತಿರುಗಿಸಿದಾಗ. ಅಂದರೆ ಗಾಳಿ ಹರಿಯದೇ ಇರುವಾಗಿನ ಅಂಕಿ ಅದು. ಆದರೆ ಧೂಳನ್ನು ಹೊತ್ತೊಯ್ಯುವುದು ಹರಿಯುವ ಗಾಳಿಯೇ. ಬಾಯಿ ತೆರೆದು ಗಾಳಿ ಹರಿಯತೊಡಗಿದ ಕೂಡಲೇ ಒತ್ತಡದ ವ್ಯತ್ಯಾಸ ಇಳಿಯುತ್ತದೆ. ಹರಿವು ಹೆಚ್ಚಿದಷ್ಟೂ ಇನ್ನಷ್ಟು ಇಳಿಯುತ್ತದೆ. ಮನೆಯಲ್ಲಿ ಓಡುವ ರೋಬೋದ ಹೊಟ್ಟೆಗೂ ನೆಲಕ್ಕೂ ನಡುವೆ ಸಂದು ಇದ್ದೇ ಇರುತ್ತದೆ, ಇರಲೇಬೇಕು. ಹಾಗಾಗಿ ಡಬ್ಬಿಯ ಮೇಲಿನ ಸ್ಥಿತಿ ನಿಮ್ಮ ಹಜಾರದಲ್ಲಿ ಒಂದು ಕ್ಷಣಕ್ಕೂ ಬರುವುದಿಲ್ಲ. ಇನ್ನೂ ವಿಚಿತ್ರ ಏನೆಂದರೆ, ಫಿಲ್ಟರ್ ಪೂರ್ತಿ ಕಟ್ಟಿಕೊಂಡು ಗಾಳಿ ಹೋಗಲು ದಾರಿಯೇ ಇಲ್ಲದಾದಾಗ ಫ್ಯಾನಿನ ಬಾಯಲ್ಲಿ ಅಳೆದರೆ ಪ್ಯಾಸ್ಕಲ್ ಏರಿರುತ್ತದೆ. ರೋಬೋ ಕಸ ಹೀರುವುದನ್ನೇ ನಿಲ್ಲಿಸಿರುತ್ತದೆ, ಅಂಕಿ ಮಾತ್ರ ಉತ್ತುಂಗದಲ್ಲಿರುತ್ತದೆ.

ಬೆಂಗಳೂರಿನವರಿಗೆ ಇದರಲ್ಲಿ ಇನ್ನೊಂದು ಕಡಿತವಿದೆ, ಅದನ್ನು ಯಾವ ಅಂಗಡಿಯವರೂ ಹೇಳುವುದಿಲ್ಲ. ಸಮುದ್ರಮಟ್ಟದಲ್ಲಿ ವಾತಾವರಣದ ಒತ್ತಡ 1,01,325 ಪ್ಯಾಸ್ಕಲ್. ನಾವು ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಎತ್ತರದಲ್ಲಿದ್ದೇವೆ; ಇಲ್ಲಿ ಅದು 91,000ದ ಆಸುಪಾಸು. ಗಾಳಿಯೂ ಅಷ್ಟರಮಟ್ಟಿಗೆ ತೆಳು. ಗಾಳಿ ತೆಳುವಾದರೆ ಅದೇ ಫ್ಯಾನ್ ಅದೇ ವೇಗದಲ್ಲಿ ತಿರುಗಿದರೂ ಹುಟ್ಟುವ ಎಳೆತ ಕಡಿಮೆ. ಕಡಲತೀರದ ಕಾರ್ಖಾನೆಯಲ್ಲಿ ಅಳೆದ 20,000 ಶಿವಾಜಿನಗರದಲ್ಲಿ 20,000 ಅಲ್ಲ.

ನಿಜವಾದ ಕೆಲಸ ಎಷ್ಟು ಆಗುತ್ತದೆ ಎಂದು ತಿಳಿಯಬೇಕಾದರೆ ಒತ್ತಡವನ್ನು ಗಾಳಿಯ ಹರಿವಿನಿಂದ ಗುಣಿಸಬೇಕು. ಸೆಕೆಂಡಿಗೆ ಒಂದೇ ಲೀಟರ್ ಗಾಳಿಯನ್ನು 20,000 ಪ್ಯಾಸ್ಕಲ್‌ನಲ್ಲಿ ಎಳೆದರೂ ಅದು 20 ವ್ಯಾಟ್ ಕೆಲಸ ಮಾತ್ರ. ವೈರಿನ ಹಳೆಯ ವ್ಯಾಕ್ಯೂಮ್ ಕ್ಲೀನರುಗಳು ಸೆಕೆಂಡಿಗೆ 30 ಲೀಟರಿನ ಆಸುಪಾಸು ಗಾಳಿ ಎಳೆಯುತ್ತಿದ್ದವು, ಅದಕ್ಕಾಗಿ ಗೋಡೆಯ ಪ್ಲಗ್ಗಿನಿಂದ ಸಾವಿರ, ಸಾವಿರದೈನೂರು ವ್ಯಾಟ್ ತಿನ್ನುತ್ತಿದ್ದವು. ರೋಬೋಕ್ಕೆ ಆ ಪ್ಲಗ್ಗಿಲ್ಲ, ಬ್ಯಾಟರಿ ಮಾತ್ರ. ಬಹಳಷ್ಟು ರೋಬೋಗಳಲ್ಲಿ ಇರುವುದು 14.4 ವೋಲ್ಟಿನ, 5,200 ಮಿಲಿಆಂಪಿಯರ್ ಅವರ್‌ನ ಬ್ಯಾಟರಿ. ಗುಣಿಸಿದರೆ 75 ವ್ಯಾಟ್ ಅವರ್. ಇದೇ ಡಬ್ಬಿಯ ಮೇಲೆ "150 ನಿಮಿಷ ಓಡುತ್ತದೆ" ಎಂದೂ ಬರೆದಿರುತ್ತಾರೆ. ಹಾಗಾದರೆ ಚಕ್ರ, ಬ್ರಷ್, ಲೇಸರ್, ಒಳಗಿನ ಕಂಪ್ಯೂಟರ್, ಹೀರುವ ಫ್ಯಾನ್ ಎಲ್ಲಕ್ಕೂ ಸೇರಿ ಸಿಗುವುದು 30 ವ್ಯಾಟ್. ಮನೆಯ ಸೂರಿನಲ್ಲಿ ತಿರುಗುವ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನು ತಿನ್ನುವಷ್ಟೇ ಕರೆಂಟು! ಗರಿಷ್ಠ ಪ್ಯಾಸ್ಕಲ್‌ನಲ್ಲಿ ಓಡಿಸಿದರೆ 150 ನಿಮಿಷ ಬರುವುದಿಲ್ಲ. 150 ನಿಮಿಷ ಬರಬೇಕಾದರೆ ಆ ಪ್ಯಾಸ್ಕಲ್ ಸಿಗುವುದಿಲ್ಲ. ಒಂದೇ ಡಬ್ಬಿಯ ಮೇಲೆ ಅಕ್ಕಪಕ್ಕ ಅಚ್ಚಾಗಿರುವ ಆ ಎರಡು ಅಂಕಿಗಳು ಒಟ್ಟಿಗೆ ನಿಜವಾಗುವುದೇ ಇಲ್ಲ.

ಹಳೆಯ ಡಬ್ಬಿಗಳನ್ನೂ ಹೊಸ ಡಬ್ಬಿಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ. ಶವೋಮಿಯ ಮೊದಲ ರೋಬೋ 2016ರಲ್ಲಿ ಚೀನಾದಲ್ಲಿ ಬಂದಾಗ ಹೇಳಿಕೊಂಡದ್ದು 1,800 ಪ್ಯಾಸ್ಕಲ್, ಬ್ಯಾಟರಿ 5,200. ಭಾರತದಲ್ಲಿ 2020ರ ಲಾಕ್‌ಡೌನ್ ಹೊತ್ತಿಗೆ ಅದೇ ಕಂಪನಿ 17,999 ರೂಪಾಯಿಗೆ ಮಾರಿದ ರೋಬೋದಲ್ಲಿ 2,100. ಕೆಲಸದವರು ಬರಲಾಗದ ಆ ತಿಂಗಳುಗಳಲ್ಲಿ ನಮ್ಮ ಎಷ್ಟೋ ಮನೆಗಳು ಇಂಥ ರೋಬೋಗಳಿಂದಲೇ ಚೊಕ್ಕಟವಾಗಿದ್ದವು. 2025ರಲ್ಲಿ ರೋಬೊರಾಕ್ ಕಂಪನಿಯ ಸಾರೋಸ್ 10 ಬಂದಾಗ ಅಂಕಿ 22,000ಕ್ಕೆ ಏರಿತ್ತು, ಬ್ಯಾಟರಿ 6,400. ಒಂಬತ್ತು ವರ್ಷಗಳಲ್ಲಿ ಪ್ಯಾಸ್ಕಲ್ ಹನ್ನೆರಡು ಪಟ್ಟು ಏರಿತು, ಅದನ್ನು ಹೊರಬೇಕಾದ ಬ್ಯಾಟರಿ ಕಾಲುಭಾಗದಷ್ಟೂ ಏರಲಿಲ್ಲ. ಮೋಟರುಗಳು ಸುಧಾರಿಸಿವೆ, ಒಪ್ಪುತ್ತೇನೆ. ಆದರೆ ನೆಲ ಹನ್ನೆರಡು ಪಟ್ಟು ಚೊಕ್ಕಟವಾಗುತ್ತದೆ ಎಂದು ನಂಬಲು ಕಾರಣವೇ ಇಲ್ಲ.

ಪ್ಯಾಸ್ಕಲ್‌ನಿಂದ ಏನೂ ಪ್ರಯೋಜನವಿಲ್ಲ ಎನ್ನುತ್ತಿಲ್ಲ. ದಪ್ಪ ಕಾರ್ಪೆಟ್ ಹಾಸಿದ ಮನೆಗಳಲ್ಲಿ, ಟೈಲ್ಸ್ ನಡುವಿನ ಆಳವಾದ ಸಂದಿಯಲ್ಲಿ ಮರಳಿನ ಕಾಳು ಕೂತಿದ್ದಾಗ ಜೋರು ಎಳೆತ ನೆರವಿಗೆ ಬರುತ್ತದೆ. ನಮ್ಮ ನೆಲಗಳು ಅಂಥವಲ್ಲ. ದಂಡು ಪ್ರದೇಶದ ಹಳೆಯ ಮನೆಗಳಲ್ಲಿ ರೆಡ್ ಆಕ್ಸೈಡ್, ಆಮೇಲಿನವುಗಳಲ್ಲಿ ಮೊಸಾಯಿಕ್, ಈಗಿನ ಫ್ಲ್ಯಾಟುಗಳಲ್ಲಿ ವಿಟ್ರಿಫೈಡ್ ಟೈಲ್ಸ್, ಎಲ್ಲವೂ ನುಣ್ಣಗೆ. ಇಂಥ ನೆಲದ ಧೂಳಿಗೆ ಎರಡು ಮೂರು ಸಾವಿರ ಪ್ಯಾಸ್ಕಲ್ ಧಾರಾಳವಾಗಿ ಸಾಕು. ಶಿವಾಜಿನಗರದಲ್ಲಿ ನೆಲದಡಿಯ ಮೆಟ್ರೊ ನಿಲ್ದಾಣಕ್ಕಾಗಿ ಅಗೆತ ಶುರುವಾದಾಗಿನಿಂದ ಕಿಟಕಿ ತೆರೆದರೆ ಸಾಕು, ಪುಡಿಮಣ್ಣು ಒಳಗೆ ಬಂದು ಕೂರುತ್ತದೆ. ಊರ್ಜಾ ಎಂಬ ಸುರಂಗ ಕೊರೆಯುವ ಯಂತ್ರ 2021ರ ಸೆಪ್ಟೆಂಬರಿನಲ್ಲಿ ಕಂಟೋನ್ಮೆಂಟಿನಿಂದ ಇಲ್ಲಿಗೆ ಬಂದು ಹೊರಬಿದ್ದದ್ದು ಸುತ್ತಲಿನವರಿಗೆ ನೆನಪಿರಬಹುದು. ಆ ಪುಡಿಮಣ್ಣು ನುಣ್ಣನೆಯ ನೆಲದ ಮೇಲಿಂದ ಸುಲಭವಾಗಿ ಏಳುತ್ತದೆ, ಆದರೆ ಅಷ್ಟೇ ಬೇಗ ಫಿಲ್ಟರನ್ನು ಕಟ್ಟಿಹಾಕುತ್ತದೆ. ಇಲ್ಲಿ ರೋಬೋ ಸೋಲುವುದು ಫಿಲ್ಟರಿನಲ್ಲಿ.

ಎರಡನೆಯದಾಗಿ ಸೋಲುವುದು ಹೊಟ್ಟೆಯಡಿ ಉರುಳುವ ರೋಲರಿನಲ್ಲಿ. ಹೆಣ್ಣುಮಕ್ಕಳಿರುವ ಮನೆಯಲ್ಲಿ ಉದ್ದ ಕೂದಲು, ಮಲ್ಲಿಗೆ ಕಟ್ಟಿದ ಬಾಳೆನಾರು, ಸೀರೆಯ ದಾರ ಎಲ್ಲ ಆ ರೋಲರಿನ ಎರಡು ತುದಿಗಳಿಗೆ ಸುತ್ತಿಕೊಳ್ಳುತ್ತವೆ. ರೋಲರ್ ನೆಲಕ್ಕೆ ಸಮನಾಗಿ ತಾಗುವುದು ತಪ್ಪಿದರೆ ಕಸ ಏಳುವುದಿಲ್ಲ. ಬಿಚ್ಚಿ, ಕತ್ತರಿಯಲ್ಲಿ ಕೂದಲು ಕತ್ತರಿಸಿ ತೆಗೆಯಲು ಎರಡು ನಿಮಿಷ ಸಾಕು. ತೊಳೆಯಬಹುದಾದ ಫಿಲ್ಟರ್ ಆದರೆ ನಲ್ಲಿಯಡಿ ತೊಳೆದು ಪೂರ್ತಿ ಒಂದು ದಿನ ಒಣಗಿಸಿ ಹಾಕಿದರೆ ಆಯಿತು. ಇಷ್ಟನ್ನೂ ಮಾಡದೆ "ಮೊದಲಿನ ಹಾಗೆ ಎಳೆಯುತ್ತಿಲ್ಲ, ಇನ್ನೂ ಜಾಸ್ತಿ ಪ್ಯಾಸ್ಕಲ್‌ನದು ತರೋಣ" ಎಂದು ಹೊರಡುವವರನ್ನು ಕಂಡರೆ ನನಗೆ ತಾಳ್ಮೆ ಉಳಿಯುವುದಿಲ್ಲ.

ಇದು ರೋಬೋದ ಕಥೆ ಮಾತ್ರವಲ್ಲ. ಅಂಕಿ ಕಂಡ ಕೂಡಲೇ ತಲೆ ಬಾಗುವ ರೋಗ ನಮಗೆ ಹಳೆಯದು. ತೊಂಬತ್ತರ ದಶಕದಲ್ಲಿ ಟೇಪ್ ರೆಕಾರ್ಡರುಗಳ ಮೇಲೆ "1,000 ವ್ಯಾಟ್ ಪಿಎಂಪಿಒ" ಎಂಬ ಚೀಟಿ ಅಂಟಿಸಿ ಮಾರುತ್ತಿದ್ದರು. ಗೋಡೆಯಿಂದ ಕೆಲವು ಹತ್ತು ವ್ಯಾಟ್ ಎಳೆಯುವ ಪೆಟ್ಟಿಗೆಯಿಂದ ಸಾವಿರ ವ್ಯಾಟ್ ಸದ್ದು ಹೇಗೆ ಬರುತ್ತದೆ ಎಂದು ಕೇಳಿದವರು ಎಷ್ಟು ಜನ? ಆಮೇಲೆ ಫೋನುಗಳ ಮೆಗಾಪಿಕ್ಸೆಲ್ ಬಂತು. ನಡುವೆ ನೀರು ಶುದ್ಧೀಕರಣದ ಯಂತ್ರ ಮಾರುವವರು ಮನೆಮನೆಗೆ ಬಂದು ಕಾವೇರಿ ನೀರಿನ ಲೋಟದೊಳಗೆ ಕರೆಂಟಿನ ಕಡ್ಡಿಗಳನ್ನಿಳಿಸಿ, ನೀರನ್ನು ಕಂದು ಗಸಿಯಾಗಿಸಿ "ನೋಡಿ, ನೀವು ಕುಡಿಯುವುದು ಇದನ್ನೇ" ಎಂದು ಹೆದರಿಸಿದರು. ಆ ಗಸಿಯ ಬಣ್ಣ ಕಡ್ಡಿಯ ಕಬ್ಬಿಣ ಕರಗಿ ಬಂದದ್ದು. ಹೈಸ್ಕೂಲಿನ ಎಲೆಕ್ಟ್ರಾಲಿಸಿಸ್ ಪಾಠ ಅದು. ಪಾಠ ಓದಿ ಪಾಸಾದವರೇ ಆ ಯಂತ್ರ ಕೊಂಡರು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸಲೆಂದೇ ಸಮಿತಿ ರಚಿಸಿದ ಊರು ಇದು. ಅವರ ಊರಿನವರು ಡಬ್ಬಿಯ ಮೇಲಿನ ಬರಹಕ್ಕೆ ಇಷ್ಟು ಸುಲಭವಾಗಿ ಶರಣಾಗುವುದು ನನಗೆ ನೋವಿನ ಸಂಗತಿ.

ಇನ್ನುಳಿದ ತಪ್ಪು ಕಲ್ಪನೆಗಳಿಗೆ ಇಷ್ಟು ಜಾಗ ಬೇಕಿಲ್ಲ. ವೈಫೈ ಇಲ್ಲದಿದ್ದರೆ ರೋಬೋ ಓಡುವುದಿಲ್ಲ ಎನ್ನುತ್ತಾರೆ; ಸಾಮಾನ್ಯವಾಗಿ ಮೈಮೇಲಿನ ಗುಂಡಿ ಒತ್ತಿದರೆ ಓಡುತ್ತದೆ. ಸದಾ ಚಾರ್ಜಿಗೆ ಕೂತರೆ ಬ್ಯಾಟರಿ ಹಾಳಾಗುತ್ತದೆ ಎಂದು ಪ್ಲಗ್ ತೆಗೆದಿಡುವವರಿದ್ದಾರೆ. ಹಾಗೆ ತೆಗೆದರೆ ರೋಬೋ ಮನೆಗೆ ಮರಳುವ ದಾರಿಯನ್ನೇ ಕಳೆದುಕೊಳ್ಳುತ್ತದೆ, ಬ್ಯಾಟರಿಯ ಕಾಳಜಿಗೆ ಒಳಗೇ ಸರ್ಕ್ಯೂಟ್ ಇದೆ. ಒದ್ದೆ ಬಟ್ಟೆ ಎಳೆಯುವ ರೋಬೋ ಅಡುಗೆಮನೆಯ ಎಣ್ಣೆಜಿಡ್ಡು ಉಜ್ಜುತ್ತದೆ ಎಂಬುದು ಸುಳ್ಳು, ಅದರ ತೊಟ್ಟಿಗೆ ಫಿನಾಯಿಲ್ ಸುರಿಯುವುದಂತೂ ಕೊಳವೆಗೆ ಕೇಡು. ಹೊಸ್ತಿಲು ದಾಟುತ್ತದೆಯೇ? ಸಾಮಾನ್ಯವಾಗಿ ಎರಡು ಸೆಂಟಿಮೀಟರಿನವರೆಗೆ. ಹಳೆಯ ಮನೆಗಳ ಮರದ ಹೊಸ್ತಿಲನ್ನು ದಾಟುವುದಿಲ್ಲ. ದೀಪ ಹಚ್ಚಿದ ಮೇಲೆ ಓಡಿಸಬಾರದು ಎಂಬ ಹಿರಿಯರ ಮಾತಿಗೆ ಯಂತ್ರದಲ್ಲಿ ಯಾವ ಕಾರಣವೂ ಇಲ್ಲ, ಆದರೆ ಮೂಗುಬೊಟ್ಟಿನ ತಿರುಪು ಯಾವ ಹೊತ್ತಿನಲ್ಲಿ ಬಿದ್ದರೂ ರೋಬೋ ನುಂಗುತ್ತದೆ, ಹಾಗಾಗಿ ಕಸದ ಡಬ್ಬಿಯನ್ನು ಕಾಗದದ ಮೇಲೆ ಸುರಿದು ನೋಡಿಯೇ ಎಸೆಯಿರಿ.

ಎಲ್ಲ ರೋಬೋಗಳೂ ಮನೆಯೊಳಗನ್ನು ಕದ್ದು ನೋಡುತ್ತವೆ ಎಂಬುದು ಅರ್ಧ ಸತ್ಯ. ಲೇಸರಿನಿಂದ ದೂರ ಅಳೆಯುವ ಅನೇಕ ರೋಬೋಗಳಲ್ಲಿ ಕ್ಯಾಮೆರಾ ಇರುವುದೇ ಇಲ್ಲ. ಕ್ಯಾಮೆರಾ ಇರುವವುಗಳ ಬಗ್ಗೆ ಭಯಕ್ಕೆ ಆಧಾರವಿದೆ: ಐರೋಬಾಟ್ ಕಂಪನಿಯ ಪ್ರಯೋಗದ ರೋಬೋಗಳು 2020ರಲ್ಲಿ ತೆಗೆದ ಮನೆಯೊಳಗಿನ ಚಿತ್ರಗಳು, ಶೌಚಾಲಯದಲ್ಲಿ ಕೂತ ಮಹಿಳೆಯ ಚಿತ್ರವೂ ಸೇರಿ, ಅಂತರ್ಜಾಲದಲ್ಲಿ ಸೋರಿಕೆಯಾದದ್ದು 2022ರಲ್ಲಿ ಬಯಲಾಯಿತು. 2024ರಲ್ಲಿ ಅಮೆರಿಕದ ಕೆಲವು ಮನೆಗಳಲ್ಲಿ ಇಕೋವ್ಯಾಕ್ಸ್ ರೋಬೋಗಳನ್ನು ಹ್ಯಾಕರುಗಳು ವಶಕ್ಕೆ ತೆಗೆದುಕೊಂಡು ಅವುಗಳ ಸ್ಪೀಕರಿನಿಂದ ಬೈಗುಳ ಕೂಗಿಸಿದರು. ಕ್ಯಾಮೆರಾ ಬೇಡವೆಂದರೆ ಕ್ಯಾಮೆರಾ ಇಲ್ಲದ್ದನ್ನು ಕೊಳ್ಳಿ, ಅಷ್ಟೇ.

ರೋಬೋ ಬಂದರೆ ಮನೆಗೆಲಸದವರು ಬೇಡ ಎಂಬ ಲೆಕ್ಕವೂ ತಪ್ಪು. ಪಾತ್ರೆ, ಬಚ್ಚಲು, ಮೆಟ್ಟಿಲು, ಕಪಾಟಿನ ಧೂಳು ಯಾವುದನ್ನೂ ಅದು ಮುಟ್ಟುವುದಿಲ್ಲ. ಗುಡಿಸುವ ಕೆಲಸವೊಂದು ಕಡಿಮೆಯಾಯಿತೆಂದು ಅವರ ಸಂಬಳಕ್ಕೆ ಕತ್ತರಿ ಹಾಕುವ ಮುನ್ನ, ಮನೆಗೆಲಸದವರಿಗೆ ಕರ್ನಾಟಕ ಸರ್ಕಾರ 2004ರಲ್ಲೇ ಕನಿಷ್ಠ ವೇತನ ಗೊತ್ತುಪಡಿಸಿದೆ ಎಂಬುದನ್ನು ಮನೆಯವರು ತಿಳಿದಿರಲಿ.

ಸರ್ಕಾರಕ್ಕೂ ಒಂದು ಮಾತು. ಮಾರುಕಟ್ಟೆಯ ತರಕಾರಿಯವರ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೇಕು, ಅದನ್ನು ನಿಗದಿತ ಅವಧಿಗೊಮ್ಮೆ ನವೀಕರಿಸಬೇಕು. ನಲವತ್ತು ಸಾವಿರದ ರೋಬೋದ ಡಬ್ಬಿಯ ಮೇಲಿನ ಪ್ಯಾಸ್ಕಲ್ ಅಂಕಿಗೂ ಯಾರಾದರೂ ಮುದ್ರೆ ಒತ್ತಬೇಡವೇ? ರೋಬೋಗಳು ಚೆಲ್ಲಿದ ಧೂಳಿನಲ್ಲಿ ಎಷ್ಟನ್ನು ಎತ್ತುತ್ತವೆ ಎಂದು ಅಳೆಯುವ ಅಂತರರಾಷ್ಟ್ರೀಯ ವಿಧಾನ 2014ರಿಂದಲೇ ಇದೆ. ಗಟ್ಟಿ ನೆಲದ ಮೇಲೆ ಶೇಕಡಾ ಎಷ್ಟು ಧೂಳು ಎತ್ತಿತು ಎಂಬ ಒಂದೇ ಅಂಕಿಯನ್ನು ಡಬ್ಬಿಯ ಮೇಲೆ ಕಡ್ಡಾಯ ಮಾಡಿದರೆ ಪ್ಯಾಸ್ಕಲ್‌ನ ಈ ಓಟ ಒಂದೇ ವರ್ಷದಲ್ಲಿ ನಿಲ್ಲುತ್ತದೆ.

ಅಲ್ಲಿಯವರೆಗೆ ಕೊಳ್ಳುವವರೇ ಕೇಳಬೇಕು. ಅಂಗಡಿಯಲ್ಲಿ ರೋಬೋವನ್ನು ಮಗುಚಿ ಹಾಕಿಸಿ. ರೋಲರ್ ಬಿಚ್ಚಿ ತೋರಿಸಲು ಹೇಳಿ. ಫಿಲ್ಟರ್ ಮತ್ತು ಪಕ್ಕದ ಬ್ರಷ್ ಬಿಡಿಯಾಗಿ ಸಿಗುತ್ತದೆಯೇ, ಎಷ್ಟಕ್ಕೆ ಎಂದು ವಿಚಾರಿಸಿ. ಗೋಡೆಯಂಚಿಗೆ ಒಂದು ಹಿಡಿ ರವೆ ಚೆಲ್ಲಿ, ಓಡಿಸಿ ತೋರಿಸಿ ಎನ್ನಿ. ತೋರಿಸಲು ಒಪ್ಪದಿದ್ದರೆ ಬೇರೆ ಅಂಗಡಿಗೆ ಹೋಗಿ.