ಹಟಮಾರಿ ಹುಡುಗರು, ಹಟ ಬಿಡದ ಮೇಷ್ಟ್ರು: ‘ಬ್ಲ್ಯಾಕ್‌ಬೋರ್ಡ್ ಜಂಗಲ್’ ಚಿತ್ರ ಹೇಳುವುದೇನು?



ತರಗತಿಯಲ್ಲಿ ಗದ್ದಲವಾದೊಡನೆ ಅಧ್ಯಾಪಕರ ದೃಷ್ಟಿ ಕೊನೆಯ ಬೆಂಚಿನತ್ತ ಹೊರಳುವುದನ್ನು ನೀವು ಕಂಡಿರಬಹುದು. ಗದ್ದಲ ಮಾಡಿದವರು ಯಾರೇ ಆಗಿರಲಿ, ಕೆಟ್ಟ ಹೆಸರು ಮಾತ್ರ ಕೆಲವರಿಗೇ ಮೀಸಲು. ಹೀಗೆ ಹಣೆಪಟ್ಟಿ ಹೊತ್ತ ಹುಡುಗರನ್ನು ಸರಿದಾರಿಗೆ ತರುವುದು ಹೇಗೆ? 1955ರಲ್ಲಿ ತೆರೆಕಂಡ ಅಮೆರಿಕದ ‘ಬ್ಲ್ಯಾಕ್‌ಬೋರ್ಡ್ ಜಂಗಲ್’ ಚಲನಚಿತ್ರದ ವಸ್ತು ಇದೇ.

ರಿಚರ್ಡ್ ಬ್ರೂಕ್ಸ್ ನಿರ್ದೇಶಿಸಿದ ಈ ಕಪ್ಪು-ಬಿಳುಪು ಚಿತ್ರಕ್ಕೆ ಇವಾನ್ ಹಂಟರ್ ಅವರ 1954ರ ಕಾದಂಬರಿಯೇ ಆಧಾರ. ಹಂಟರ್ ಸ್ವತಃ ನ್ಯೂಯಾರ್ಕಿನ ವೃತ್ತಿಶಿಕ್ಷಣ ಶಾಲೆಯೊಂದರಲ್ಲಿ ಅಲ್ಪಕಾಲ ಪಾಠ ಹೇಳಿದ್ದವರು.

ಕಥೆ ಸರಳವಾಗಿದೆ. ನೌಕಾಪಡೆಯಲ್ಲಿ ದುಡಿದು ಬಂದ ರಿಚರ್ಡ್ ಡೇಡಿಯರ್ ಅಂಥದೇ ಒಂದು ಗಂಡುಮಕ್ಕಳ ಶಾಲೆಗೆ ಇಂಗ್ಲಿಷ್ ಅಧ್ಯಾಪಕನಾಗಿ ಸೇರುತ್ತಾನೆ. ಈ ಪಾತ್ರದಲ್ಲಿ ನಟಿಸಿದವರು ಗ್ಲೆನ್ ಫೋರ್ಡ್. ಬಿಳಿಯರು, ಕರಿಯರು, ಪೋರ್ಟೋರಿಕೋ ಮೂಲದವರು ಎಲ್ಲರೂ ಕಲೆತ ತರಗತಿ ಅದು. ಪಾಠಕ್ಕೆ ಕಿವಿಗೊಡುವವರೇ ಇಲ್ಲ. ಹುಡುಗರು ಮೇಷ್ಟ್ರ ಮೇಲೆ ಕೈಮಾಡುತ್ತಾರೆ. ಮತ್ತೊಬ್ಬ ಅಧ್ಯಾಪಕ ಪ್ರೀತಿಯಿಂದ ಕೂಡಿಟ್ಟಿದ್ದ ಗ್ರಾಮಫೋನ್ ತಟ್ಟೆಗಳನ್ನು ಪುಡಿಗೈಯುತ್ತಾರೆ.

ಬೆದರಿಕೆಯಿಂದಾಗಲಿ, ಉಪದೇಶದಿಂದಾಗಲಿ ಡೇಡಿಯರ್‌ಗೆ ಏನನ್ನೂ ಸಾಧಿಸಲಾಗುವುದಿಲ್ಲ. ಕಡೆಗೊಂದು ದಿನ ಆತ ತರಗತಿಗೆ ಪ್ರೊಜೆಕ್ಟರ್ ತಂದು ಮಕ್ಕಳ ಕಾರ್ಟೂನ್ ಚಿತ್ರವೊಂದನ್ನು ತೋರಿಸುತ್ತಾನೆ. ಬಳ್ಳಿ ಹತ್ತಿ ಮುಗಿಲಿಗೇರಿ ರಾಕ್ಷಸನ ಮನೆ ಹೊಕ್ಕುವ ಜ್ಯಾಕ್‌ನ ಕಥೆ ಅದು. ಆಮೇಲೆ ಚರ್ಚೆ ನಡೆಯುತ್ತದೆ. ರಾಕ್ಷಸನ ಸೊತ್ತು ಕದ್ದ ಜ್ಯಾಕ್ ಮಾಡಿದ್ದು ಸರಿಯೇ? ನಮ್ಮಂತಿಲ್ಲ ಎಂಬ ಒಂದೇ ಕಾರಣಕ್ಕೆ ಒಬ್ಬನನ್ನು ದ್ವೇಷಿಸಬಹುದೇ? ಬಾಯಿ ಬಿಡದಿದ್ದ ಹುಡುಗರು ನಾಮುಂದು ತಾಮುಂದು ಎಂದು ವಾದಕ್ಕಿಳಿಯುತ್ತಾರೆ. ಏಕೆಂದರೆ ಇಲ್ಲಿ ಪುಸ್ತಕದ ಸಿದ್ಧ ಉತ್ತರವಿಲ್ಲ. ಅವರವರ ಅಭಿಪ್ರಾಯಕ್ಕೆ ಬೆಲೆಯಿದೆ.

ಆದರೆ ಇದೇ ಪ್ರಶ್ನೆ ಮೇಷ್ಟ್ರಿಗೂ ಅನ್ವಯಿಸುತ್ತದೆ! ಗ್ರೆಗರಿ ಮಿಲ್ಲರ್ ಎಂಬ ಕಪ್ಪು ಹುಡುಗನೇ ಎಲ್ಲ ಕಿಡಿಗೇಡಿತನಕ್ಕೂ ಮೂಲವೆಂದು ಶಂಕಿಸಿ ಡೇಡಿಯರ್ ಅವನ ಮೇಲೆ ಹರಿಹಾಯ್ದಿರುತ್ತಾನೆ. ಆ ಭರದಲ್ಲಿ ಅವನ ಮೈಬಣ್ಣವನ್ನೂ ಎತ್ತಿಯಾಡುತ್ತಾನೆ. ನಿಜವಾದ ತಪ್ಪಿತಸ್ಥ ಮಾತ್ರ ಆರ್ಟೀ ವೆಸ್ಟ್ ಎಂಬ ಬಿಳಿಯ ಹುಡುಗ. ಮಿಲ್ಲರನೋ ಬುದ್ಧಿವಂತ, ಹಾಡುಗಾರ, ಗ್ಯಾರೇಜಿನಲ್ಲಿ ದುಡಿಯುವವ. ಓದಿದರೂ ತನ್ನವರಿಗೆ ಒಳ್ಳೆಯ ಕೆಲಸ ಸಿಗದೆಂಬ ನಿರಾಶೆಯಿಂದ ಶಾಲೆ ಬಿಡಲು ಹೊರಟವನು. ಕಪ್ಪು ಮಕ್ಕಳಿಗೆ ಪ್ರತ್ಯೇಕ ಶಾಲೆಯೆಂಬ ಪದ್ಧತಿ ಸಂವಿಧಾನಬಾಹಿರವೆಂದು ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿತ್ತದ್ದು 1954ರ ಮೇ ತಿಂಗಳಲ್ಲಿ. ಇದನ್ನು ನೆನೆದರೆ ಮಿಲ್ಲರನ ನಿರಾಶೆಯ ಹಿನ್ನೆಲೆ ನಿಮಗೆ ಅರ್ಥವಾದೀತು.

ಕೊನೆಗೆ ವೆಸ್ಟ್ ತರಗತಿಯಲ್ಲೇ ಚಾಕು ತೆಗೆದಾಗ ಮಿಲ್ಲರ್ ಮೇಷ್ಟ್ರ ಪರ ನಿಲ್ಲುತ್ತಾನೆ. ಉಳಿದ ಹುಡುಗರೂ ಜೊತೆಗೂಡುತ್ತಾರೆ. ನೀವು ಕೆಲಸ ಬಿಡದಿದ್ದರೆ ನಾನು ಶಾಲೆ ಬಿಡುವುದಿಲ್ಲ ಎಂಬ ಒಪ್ಪಂದ ಇಬ್ಬರ ನಡುವೆ ಏರ್ಪಡುತ್ತದೆ. ಗಮನಿಸಿ, ಇಲ್ಲಿ ತಿದ್ದಿಕೊಂಡವನು ಶಿಷ್ಯನೊಬ್ಬನೇ ಅಲ್ಲ, ಗುರುವೂ ಹೌದು.

ಚಿತ್ರ ವಿವಾದಕ್ಕೂ ಗುರಿಯಾಯಿತು. ಇಟಲಿಯಲ್ಲಿದ್ದ ಅಮೆರಿಕದ ರಾಯಭಾರಿ ಕ್ಲೇರ್ ಬೂತ್ ಲೂಸ್ ಆಕ್ಷೇಪಿಸಿದ್ದರಿಂದ ಅದನ್ನು 1955ರ ವೆನಿಸ್ ಚಿತ್ರೋತ್ಸವದಿಂದ ಹಿಂತೆಗೆಯಲಾಯಿತು. ದೇಶದ ಹುಳುಕನ್ನು ಹೊರಗಿನವರಿಗೆ ತೋರಿಸಬಹುದೇ ಎಂಬ ಚರ್ಚೆ ನಮಗೂ ಹೊಸದಲ್ಲ.

ಮಿಲ್ಲರನ ಪಾತ್ರ ವಹಿಸಿದ ಸಿಡ್ನಿ ಪಾಯ್ಟಿಯರ್ 12 ವರ್ಷಗಳ ನಂತರ, 1967ರ ‘ಟು ಸರ್, ವಿತ್ ಲವ್’ ಚಿತ್ರದಲ್ಲಿ, ಲಂಡನ್ನಿನ ಈಸ್ಟ್ ಎಂಡ್ ಬಡಾವಣೆಯ ಪುಂಡ ವಿದ್ಯಾರ್ಥಿಗಳ ಮನಗೆಲ್ಲುವ ಮೇಷ್ಟ್ರಾಗಿ ಕಾಣಿಸಿಕೊಂಡರು. ಅವಕಾಶ ದೊರೆತಾಗ ಎರಡೂ ಚಿತ್ರಗಳನ್ನು ನೋಡಿ. ಯಾವ ಗಳಿಗೆಯಿಂದ ಹುಡುಗರು ಮೇಷ್ಟ್ರ ಮಾತಿಗೆ ಕಿವಿಗೊಡುತ್ತಾರೆ, ಏಕೆ ಎಂಬುದನ್ನು ಗುರುತು ಹಾಕಿಕೊಳ್ಳಿ. ಬಳಿಕ ನಿಮ್ಮ ತರಗತಿಯ ಕೊನೆಯ ಬೆಂಚಿನತ್ತಲೂ ಒಮ್ಮೆ ತಿರುಗಿ ನೋಡಿ: ಅಲ್ಲಿ ಕುಳಿತವರ ಬಗ್ಗೆ ನಿಮಗೆ ತಿಳಿದಿರುವುದೆಷ್ಟು, ಬರಿದೇ ಊಹಿಸಿಕೊಂಡಿರುವುದೆಷ್ಟು?