ಬದಲಾಗದ ದೇವರಲ್ಲಿ ನಮ್ಮ ನೆಮ್ಮದಿ

ನ್ಯಾಮತಿಯಲ್ಲಿ ನನಗೆ ಬಹುಕಾಲದಿಂದ ಪರಿಚಿತರಾದ ಹಿರಿಯರೊಬ್ಬರಿದ್ದಾರೆ. ತಾವು ಹುಟ್ಟಿದ ಮನೆಯಲ್ಲಿಯೇ ಎಪ್ಪತ್ತು ವರ್ಷಗಳನ್ನು ದಾಟಿದವರು. 2025ರ ನವೆಂಬರ್ ತಿಂಗಳ ಕೊನೆಯಲ್ಲಿ ಅವರ ಮನೆಗೆ ಹೋಗಿದ್ದೆ. ಮೊಮ್ಮಗಳ ವಿವಾಹವು ಜಗಳೂರಿನ ಕಡೆಯ ಹುಡುಗನೊಡನೆ ಗೊತ್ತಾಗಿತ್ತು. ವಿವಾಹಕ್ಕಾಗಿ ದೀಕ್ಷಾಸ್ನಾನದ ಪ್ರಮಾಣಪತ್ರವನ್ನು ಹೊಸದಾಗಿ ಪಡೆಯಬೇಕಿದ್ದುದರಿಂದ, ದಿನಾಂಕವನ್ನು ತಿಳಿಯಲೆಂದು ಹಳೆಯ ತಗಡಿನ ಟ್ರಂಕನ್ನು ಪಡಸಾಲೆಗೆ ತಂದು ತೆರೆದಿದ್ದರು. ಅವರು ದೀಕ್ಷಾಸ್ನಾನ ಎನ್ನುವುದಿಲ್ಲ. ಹಿಂದಿನವರಂತೆ ಇಂದಿಗೂ ಜ್ಞಾನಸ್ನಾನವೆಂದೇ ಹೇಳುತ್ತಾರೆ.

ಟ್ರಂಕಿನಲ್ಲಿ ನಾಲ್ಕು ಪ್ರಮಾಣಪತ್ರಗಳಿದ್ದವು. ಮೊದಲನೆಯದು ಅವರದೇ, 1951ರದು: ಮೈಸೂರು ರಾಜ್ಯ, ಶಿವಮೊಗ್ಗ ಜಿಲ್ಲೆ, ಮೈಸೂರು ಧರ್ಮಕ್ಷೇತ್ರ. ಎರಡನೆಯದು ಮಗನದು, 1974ರದು. ಅಷ್ಟರಲ್ಲಿ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದು ಒಂದು ವರ್ಷವೂ ತುಂಬಿರಲಿಲ್ಲ. 1963ರಲ್ಲಿ ಸ್ಥಾಪಿತವಾದ ಚಿಕ್ಕಮಗಳೂರು ಧರ್ಮಕ್ಷೇತ್ರದ ಮೊಹರು ಅದರ ಮೇಲಿತ್ತು. ಮೂರನೆಯದು ಈಗ ವಧುವಾಗಲಿರುವ ಮೊಮ್ಮಗಳದು, 2001ರದು. ಶಿವಮೊಗ್ಗ ಧರ್ಮಕ್ಷೇತ್ರವು 1988ರಲ್ಲಿ ಸ್ಥಾಪನೆಯಾಗಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಯು ರಚನೆಯಾಗಿ, ಚನ್ನಗಿರಿ ಮತ್ತು ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗದಿಂದಲೂ ಜಗಳೂರು ತಾಲ್ಲೂಕು ಚಿತ್ರದುರ್ಗದಿಂದಲೂ ಅದಕ್ಕೆ ಸೇರಿದ್ದವು. ಆದ್ದರಿಂದ ಅದರಲ್ಲಿ ಹೊನ್ನಾಳಿ ತಾಲ್ಲೂಕು, ದಾವಣಗೆರೆ ಜಿಲ್ಲೆ ಎಂದಿದೆ. ನಾಲ್ಕನೆಯದು ಕಿರಿಯ ಮಗನ ಕೂಸಿನದು, 2022ರದು. ನ್ಯಾಮತಿಯೇ ಈಗ ತಾಲ್ಲೂಕು ಕೇಂದ್ರ.

"ನಾನು ಮನೆ ಬದಲಾಯಿಸಲಿಲ್ಲ ಮೇಷ್ಟ್ರೇ, ವಿಳಾಸವೇ ಬದಲಾಗುತ್ತಾ ಹೋಯಿತು" ಎಂದು ಅವರು ನಕ್ಕರು.

ವಿಳಾಸ ಮಾತ್ರವಲ್ಲ. ಅವರಿಗೆ ದೀಕ್ಷಾಸ್ನಾನ ದೊರೆತಾಗ ಹನ್ನೆರಡನೇ ಪಿಯುಸ್‌ರವರು ಜಗದ್ಗುರುಗಳಾಗಿದ್ದರು. ಮಗನ ಕಾಲಕ್ಕೆ ಆರನೇ ಪೌಲರು, ಮೊಮ್ಮಗಳ ಕಾಲಕ್ಕೆ ಎರಡನೇ ಜಾನ್ ಪೌಲರು, ಕೂಸಿನ ಕಾಲಕ್ಕೆ ಫ್ರಾನ್ಸಿಸರು. 2025ರ ಏಪ್ರಿಲ್ 21ರಂದು ಫ್ರಾನ್ಸಿಸರು ದೈವಾಧೀನರಾದ ಮೇಲೆ, ಮೇ 8ರಂದು ಆಯ್ಕೆಯಾದ ಹದಿನಾಲ್ಕನೇ ಲಿಯೋರವರ ಹೆಸರು ಬಲಿಪೂಜೆಯಲ್ಲಿ ಕೇಳಿಬರತೊಡಗಿತು. ಹಿರಿಯರು ಬಾಲ್ಯದಲ್ಲಿ ಪೀಠಸೇವಕರಾಗಿದ್ದಾಗ ಅರ್ಥ ತಿಳಿಯದೆಯೇ ಲತೀನ್ ಉತ್ತರಗಳನ್ನು ಬಾಯಿಪಾಠ ಮಾಡಿದ್ದವರು. ಎರಡನೇ ವತಿಕನ್ ಮಹಾಸಭೆಯ ನಂತರ ಪೂಜೆಯು ಕನ್ನಡಕ್ಕೆ ಬಂದಾಗ ಯುವಕರಾಗುತ್ತಿದ್ದರು. ಆದರೆ ಆ ನಾಲ್ಕೂ ಕಾಗದಗಳ ಹಿಂದಿರುವ ಸಂಸ್ಕಾರವೊಂದೇ. ನೀರೊಂದೇ, ಪಿತ, ಸುತ, ಪವಿತ್ರಾತ್ಮರ ನಾಮವೊಂದೇ.

ಇಷ್ಟರಲ್ಲೇ ಮಾತು ಮುಗಿದಿದ್ದರೆ ಇದನ್ನು ಬರೆಯುವ ಅಗತ್ಯವಿರಲಿಲ್ಲ. ನಾಲ್ಕು ಪ್ರಮಾಣಪತ್ರಗಳ ಕೆಳಗೆ ಐದನೆಯದೊಂದು ಕಾಗದವಿತ್ತು. ಅವರ ಪತ್ನಿಯ ಮರಣಪತ್ರ, 2021ರ ಮೇ ತಿಂಗಳದು. ಕೊರೋನಾದ ಎರಡನೆಯ ಅಲೆಯಲ್ಲಿ ಆ ತಾಯಿ ತೀರಿಕೊಂಡರು. ಸಮಾಧಿಯ ಬಳಿ ಬೆರಳೆಣಿಕೆಯ ಜನ; ಮುಖವನ್ನು ನೋಡಲೂ ಆಗಲಿಲ್ಲ.

"ದೊಡ್ಡ ಮಗ ಎಳೆಯವನಿದ್ದಾಗ ಜ್ವರ ಬಂದು ಕೈಬಿಟ್ಟೇ ಹೋದನೆಂದುಕೊಂಡಿದ್ದೆವು. ಜಪಸರ ಹಿಡಿದು ಇಡೀ ರಾತ್ರಿ ಕೂತೆ. ಬೆಳಗಾಗುವಷ್ಟರಲ್ಲಿ ಕಣ್ಣು ಬಿಟ್ಟ. ಇವಳಿಗೂ ಅದೇ ಜಪಸರ, ಅದೇ ಪ್ರಾರ್ಥನೆ. ಅಂದು ಕೇಳಿದವನು ಇಂದೇಕೆ ಕೇಳಲಿಲ್ಲ? ದೇವರು ಬದಲಾಗುವುದಿಲ್ಲ ಅಂತ ನೀವೆಲ್ಲ ಹೇಳುತ್ತೀರಿ. ಆ ರಾತ್ರಿ ನನಗೆ ಅವನೂ ಬದಲಾದ ಅನ್ನಿಸಿತು ಮೇಷ್ಟ್ರೇ."

ದೇವರು ಬದಲಾಗದವನು ಎಂಬ ಬೋಧನೆಯನ್ನು ನಾವು ಧರ್ಮೋಪದೇಶದ ತರಗತಿಯಲ್ಲಿ ಕಲಿತು ಮರೆತಿರುತ್ತೇವೆ. 1215ರ ನಾಲ್ಕನೇ ಲಾತೆರನ್ ಮಹಾಸಭೆಯೂ 1870ರಲ್ಲಿ ಮೊದಲನೆಯ ವತಿಕನ್ ಮಹಾಸಭೆಯೂ ಅದನ್ನು ವಿಧ್ಯುಕ್ತವಾಗಿ ಸಾರಿವೆ. ಆದರೆ ದುಃಖತಪ್ತನಾದ ಮನುಷ್ಯನಿಗೆ ಅದು ಸಾಂತ್ವನವಾಗುವ ಬದಲು ಕಲ್ಲಿನಂತೆ ಕಾಣುವ ಅಪಾಯವಿದೆ. ಬದಲಾಗದವನೆಂದರೆ ಕರಗದವನೇ? ಕರಗದವನೆದುರು ಕಣ್ಣೀರಿಟ್ಟು ಫಲವೇನು?

ಪವಿತ್ರ ಗ್ರಂಥವು ಈ ಮಾತನ್ನು ಯಾರಿಗೆ ಹೇಳಿತೆಂಬುದನ್ನು ಮೊದಲು ಗಮನಿಸಬೇಕು. ಪ್ರವಾದಿ ಮಲಾಕಿಯನು ದೇವರ ಬದಲಾಗದ ಸ್ವಭಾವವನ್ನು ಸಾರಿದ್ದು ಭಕ್ತಿವಂತರ ಸಭೆಯಲ್ಲಲ್ಲ; ಸೆರೆಯಿಂದ ಹಿಂತಿರುಗಿ ಬಂದರೂ ಕುಂಟ ಕುರುಡ ಪ್ರಾಣಿಗಳನ್ನು ಬಲಿಗೆ ತರುತ್ತಿದ್ದ, ಕೂಲಿಯವನ ಕೂಲಿಯನ್ನು ಹಿಡಿದಿಟ್ಟುಕೊಳ್ಳುತ್ತಿದ್ದ ಜನರ ನಡುವೆ. ನೀವು ಇನ್ನೂ ನಾಶವಾಗದೆ ಉಳಿದಿರುವುದು ದೇವರು ಬದಲಾಗದಿರುವುದರಿಂದಲೇ ಎಂಬುದು ಅವನ ವಾದದ ತಿರುಳು. ಹಾಗೆಯೇ ಹಿಬ್ರಿಯರಿಗೆ ಬರೆದ ಪತ್ರದ ಕೊನೆಯ ಅಧ್ಯಾಯದಲ್ಲಿ, ಯೇಸುಕ್ರಿಸ್ತರು ಸದಾಕಾಲವೂ ಅದೇ ಆಗಿರುವರೆಂಬ ಮಾತಿಗೆ ಸ್ವಲ್ಪ ಮುಂಚೆ, ನಿಮಗೆ ದೇವರ ವಾಕ್ಯವನ್ನು ತಿಳಿಸಿದ ನಾಯಕರನ್ನು ನೆನೆಯಿರಿ, ಅವರ ಬಾಳಿನ ಅಂತ್ಯವನ್ನು ನೋಡಿರಿ ಎಂಬ ಬುದ್ಧಿಮಾತಿದೆ. ಹಿರಿಯರನ್ನು ಮಣ್ಣಿಗಿತ್ತ ಸಭೆಗೆ ಹೇಳಿದ ಸಾಂತ್ವನವದು. ಗುರುಗಳ ವರ್ಗಾವಣೆಯಾದಾಗಲೇ ಕಣ್ಣೀರಿಡುವ ನಾವು ಆ ಸಭೆಯ ಮನಸ್ಸನ್ನು ಅರಿಯಬಲ್ಲೆವು!

ನಾನು ನ್ಯಾಮತಿಗೆ ಹೋಗಿದ್ದ ಆ ದಿನಗಳಲ್ಲಿಯೇ, ನವೆಂಬರ್ 28ರಂದು, ಜಗದ್ಗುರು ಲಿಯೋರವರು ತುರ್ಕಿಯ ಇಜ್ನಿಕ್ ಪಟ್ಟಣಕ್ಕೆ ಭೇಟಿಯಿತ್ತಿದ್ದರು. ಪ್ರಾಚೀನ ಕಾಲದ ನಿಕೇಯ ಅದು. 325ರಲ್ಲಿ ಅಲ್ಲಿ ನಡೆದ ಮಹಾಸಭೆಗೆ 1700 ವರ್ಷಗಳು ತುಂಬಿದ್ದವು. ನಾವು ಭಾನುವಾರಗಳಂದು ಹೇಳುವ ವಿಶ್ವಾಸ ಪ್ರಮಾಣದ ಮೂಲ ಅಲ್ಲಿಯದು. ಆದರೆ ಆ ಮಹಾಸಭೆ ಹೊರಡಿಸಿದ ಮೂಲಪಾಠದ ಕೊನೆಯಲ್ಲಿ ಇಂದು ನಾವು ಹೇಳದ ಖಂಡನೆಯೊಂದಿತ್ತು. ದೇವಪುತ್ರರು ಮಾರ್ಪಾಡಿಗೆ ಒಳಪಡುವವರೆಂದು ಬೋಧಿಸುವವರನ್ನು ಅದು ಬಹಿಷ್ಕರಿಸಿತು. ಅಲೆಕ್ಸಾಂಡ್ರಿಯದ ಗುರು ಅರಿಯುಸನ ಬೋಧನೆಗೆ ಉತ್ತರವದು. ಪಂಡಿತರ ವ್ಯಾಜ್ಯವೆಂದು ಇದನ್ನು ತಳ್ಳಿಹಾಕುವಂತಿಲ್ಲ. ಬೆತ್ಲೆಹೇಮಿನಲ್ಲಿ ಹುಟ್ಟಿ ಶಿಲುಬೆಯ ಮೇಲೆ ಮಡಿದವರು ಮನಸ್ಸು ಬದಲಾಯಿಸಬಹುದಾದ ಒಬ್ಬ ಶ್ರೇಷ್ಠ ಸೃಷ್ಟಿ ಮಾತ್ರವಾಗಿದ್ದರೆ, ನಮ್ಮ ರಕ್ಷಣೆಯೂ ನಾಳೆ ಬದಲಾಗಬಹುದಾದ ಒಂದು ಭರವಸೆಯಾಗುತ್ತಿತ್ತು.

ಅದೇ ದೇವಪುತ್ರರು ಲಾಜರನ ಸಮಾಧಿಯ ಬಳಿ ಕಣ್ಣೀರಿಟ್ಟರು. 451ರ ಕಲ್ಸೆದೋನ್ ಮಹಾಸಭೆಯು ಕ್ರಿಸ್ತರ ದೈವಸ್ವಭಾವ ಮತ್ತು ಮಾನವಸ್ವಭಾವಗಳು ಮಾರ್ಪಾಡಿಲ್ಲದೆ ಒಂದೇ ವ್ಯಕ್ತಿಯಲ್ಲಿ ಸೇರಿವೆಯೆಂದು ಬೋಧಿಸಿದಾಗ, ಆ ಕಣ್ಣೀರನ್ನೂ ಅದು ಕಾಪಾಡಿತು. ಬದಲಾಗದ ದೇವರೆಂದರೆ ಕರಗದ ದೇವರಲ್ಲ; ಅವರ ಕರುಣೆ ಒಮ್ಮೆ ಹೆಚ್ಚಿ ಒಮ್ಮೆ ತಗ್ಗುವಂಥದ್ದಲ್ಲ, ಅಷ್ಟೇ.

ಹಾಗಾದರೆ ಪ್ರಾರ್ಥನೆಯೇಕೆ? ಈ ಪ್ರಶ್ನೆಯನ್ನು 13ನೇ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸರು ಎತ್ತಿಕೊಂಡಿದ್ದಾರೆ. ದೇವರ ಸಂಕಲ್ಪವನ್ನು ಬದಲಿಸಲೆಂದು ನಾವು ಪ್ರಾರ್ಥಿಸುವುದಿಲ್ಲ. ಪ್ರಾರ್ಥನೆಯ ಮೂಲಕವೇ ದೊರೆಯಬೇಕೆಂದು ಅವರು ಸಂಕಲ್ಪಿಸಿರುವುದನ್ನು ಪಡೆಯಲೆಂದು ಪ್ರಾರ್ಥಿಸುತ್ತೇವೆ ಎಂಬುದು ಅವರ ಉತ್ತರದ ಸಾರಾಂಶ. ನಾನು ಇದನ್ನು ಹಿರಿಯರಿಗೆ ತಿಳಿಯಾಗಿ ಹೇಳಲು ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಹೋಲಿಕೆ ಕೊಟ್ಟೆ. ಅವರ ಮಗಳನ್ನು ಆ ಕಡೆಗೇ ಕೊಟ್ಟಿರುವುದು. ತೂಬು ಎತ್ತಿದರೆ ಕೆರೆಯ ಮನಸ್ಸೇನೂ ಬದಲಾಗುವುದಿಲ್ಲ, ಗದ್ದೆಗೆ ನೀರು ಹರಿಯುತ್ತದೆ ಎಂದೆ.

"ಬರಗಾಲದಲ್ಲಿ ಕೆರೆಯೂ ತಗ್ಗುತ್ತದಲ್ಲ ಮೇಷ್ಟ್ರೇ" ಎಂದರು.

ನಿಜ. ಹೋಲಿಕೆ ಅಲ್ಲಿಗೇ ನಿಂತಿತು. ನಮ್ಮ ಸೀಮೆಯಲ್ಲಿ ನೀರನ್ನು ನೆಚ್ಚಿ ದೇವರನ್ನು ವಿವರಿಸುವುದು ಕಷ್ಟವೇ. 2019ರ ಆಗಸ್ಟ್‌ನಲ್ಲಿ ತುಂಗಭದ್ರೆ ಉಕ್ಕಿ ಹೊನ್ನಾಳಿಯ ತಗ್ಗು ಪ್ರದೇಶಗಳಿಗೆ ನುಗ್ಗಿದಳು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಸರ್ಕಾರ ಘೋಷಿಸಿತು. ಜಗಳೂರಿನವರಿಗಂತೂ ಬರವೆಂಬುದು ಘೋಷಣೆಗೆ ಕಾಯುವ ನೆಂಟನಲ್ಲ. ನಮ್ಮ ಪೂಜಾಗ್ರಂಥದಲ್ಲಿ ಮಳೆಗಾಗಿ ಒಂದು ಪ್ರಾರ್ಥನೆಯಿದೆ, ಮಳೆ ನಿಂತು ಬಿಸಿಲು ಬರಲೆಂದೂ ಒಂದಿದೆ. ಎರಡನ್ನೂ ಒಬ್ಬನೇ ದೇವರಿಗೆ ಸಲ್ಲಿಸುತ್ತೇವೆ. ಅವರವರ ಅಗತ್ಯಕ್ಕೆ ತಕ್ಕಂತೆ ಮನಸ್ಸು ಬದಲಾಯಿಸುವ ದೇವರಾಗಿದ್ದರೆ ನದೀತೀರದವನೂ ಒಣಭೂಮಿಯವನೂ ಪ್ರಾರ್ಥನೆಯಲ್ಲಿ ಪೈಪೋಟಿಗಿಳಿಯಬೇಕಾಗುತ್ತಿತ್ತು.

ಆದರೆ ಹಿರಿಯರ ಪ್ರಶ್ನೆ ಮಳೆಯದಲ್ಲ, ಮಡದಿಯದು. ಅದಕ್ಕೆ ನನ್ನಲ್ಲಿದ್ದುದು ಗೆತ್ಸೆಮನಿಯ ತೋಟವೊಂದೇ. ಅಲ್ಲಿಯೂ ಒಬ್ಬರು ರಾತ್ರಿಯಲ್ಲಿ ಪ್ರಾರ್ಥಿಸಿದರು. ಪಾನಪಾತ್ರೆಯನ್ನು ತೊಲಗಿಸೆಂದು ಮೂರು ಸಲ ಬೇಡಿದರು; ಪಾತ್ರೆ ತೊಲಗಲಿಲ್ಲ. ಜೋರ್ಡಾನಿನಲ್ಲಿ ತಮ್ಮ ಪ್ರಿಯಪುತ್ರನೆಂದು ಸಾರಿದ ಪಿತನೇ ತೋಟದಲ್ಲಿ ಮೌನವಾಗಿದ್ದನು. ಆ ಮೌನವನ್ನು ಬದಲಾವಣೆಯೆಂದು ಶಿಷ್ಯರು ತಿಳಿದು ಓಡಿಹೋದರು. ಪುತ್ರರು ಮಾತ್ರ ಹಾಗೆ ತಿಳಿಯಲಿಲ್ಲ. ಶಿಲುಬೆಯ ಮೇಲೂ ಪಿತನನ್ನೇ ಕರೆದರು. ಮೂರನೆಯ ದಿನ ಅವರನ್ನು ಎಬ್ಬಿಸಿದವನು ತೋಟದಲ್ಲಿ ಮೌನವಾಗಿದ್ದ ಅದೇ ಪಿತ. ಮಗನ ಜ್ವರ ಬಿಟ್ಟ ಬೆಳಿಗ್ಗೆಯೂ ಪತ್ನಿಯ ಉಸಿರು ನಿಂತ ರಾತ್ರಿಯೂ ಒಬ್ಬನದೇ ಕೈಯಲ್ಲಿದ್ದವು ಎಂದು ನಂಬಲು ಬೇರೆ ಆಧಾರವನ್ನು ನಾನರಿಯೆ. ಏಕೆ ಹಾಗಾಯಿತೆಂಬುದಕ್ಕೆ ಇದು ಉತ್ತರವಲ್ಲ. ಅವರಿಗೂ ಹಾಗೆಯೇ ಹೇಳಿದೆ.

ಬಹಳ ಹೊತ್ತು ಅವರು ಮಾತನಾಡಲಿಲ್ಲ. ಪತ್ನಿಯ ದೀಕ್ಷಾಸ್ನಾನದ ಕಾಗದ ಆ ಟ್ರಂಕಿನಲ್ಲಿರಲಿಲ್ಲ. ತವರಿನ ಧರ್ಮಕೇಂದ್ರದ ದಾಖಲೆ ಪುಸ್ತಕದಲ್ಲಿದೆ. ಆ ಪುಸ್ತಕದ ರೀತಿ ಬಲ್ಲವರಿಗೆ ಗೊತ್ತು: ದೃಢೀಕರಣವಾದರೆ, ವಿವಾಹವಾದರೆ, ಅದೇ ದಾಖಲೆಯ ಪಕ್ಕದಲ್ಲಿ ಬರೆದು ಸೇರಿಸುತ್ತಾರೆ. ಮೂಲದ ಬರಹವನ್ನು ಹೊಡೆದುಹಾಕುವುದಿಲ್ಲ. ದೀಕ್ಷಾಸ್ನಾನವು ಆತ್ಮದ ಮೇಲೆ ಅಳಿಸಲಾಗದ ಮುದ್ರೆಯನ್ನೊತ್ತುತ್ತದೆ, ಯಾವ ಪಾಪವೂ ಅದನ್ನು ಅಳಿಸದು, ಆದ್ದರಿಂದಲೇ ಅದನ್ನು ಎರಡನೆಯ ಸಲ ಕೊಡುವುದಿಲ್ಲ ಎಂದು ಧರ್ಮಸಭೆ ಬೋಧಿಸುತ್ತದೆ. ಆ ತಾಯಿಯ ಹೆಸರನ್ನು ಅಂದು ಉಚ್ಚರಿಸಿ ತನ್ನವಳೆಂದು ಸ್ವೀಕರಿಸಿದ ದೇವರು 2021ರ ಮೇ ತಿಂಗಳಲ್ಲಿ ಆ ಸ್ವೀಕಾರವನ್ನು ಹಿಂತೆಗೆದುಕೊಳ್ಳಲಿಲ್ಲ. ಇಷ್ಟು ಹೇಳಲು ನನಗೆ ಧೈರ್ಯವಾಯಿತು.

"ಈಗಲೂ ಕೇಳುತ್ತೇನೆ" ಎಂದರು ಕೊನೆಗೆ. "ರಾತ್ರಿ ಜಪಸರ ಮುಗಿದ ಮೇಲೆ, ಯಾಕೆ ಹಾಗೆ ಮಾಡಿದೆ ಅಂತ. ಬೇರೆ ಯಾರನ್ನು ಕೇಳಲಿ, ಅವನನ್ನೇ ಕೇಳುತ್ತೇನೆ."

ಮೊಮ್ಮಗಳು ಕಾಫಿ ತಂದಿಟ್ಟು, ತನ್ನ ಪ್ರಮಾಣಪತ್ರದ ದಿನಾಂಕವನ್ನು ಚೀಟಿಯಲ್ಲಿ ಬರೆದುಕೊಂಡಳು. ಹಿರಿಯರು ಉಳಿದ ಕಾಗದಗಳನ್ನು ಮಡಿಸಿ ಟ್ರಂಕಿನಲ್ಲಿಡುತ್ತ, ಜಗಳೂರು ಯಾವ ಧರ್ಮಕ್ಷೇತ್ರಕ್ಕೆ ಸೇರಿದೆಯೆಂದು ಕೇಳಿದರು. ನಮ್ಮದೇ, ಶಿವಮೊಗ್ಗಕ್ಕೆ ಎಂದೆ.

"ಸದ್ಯಕ್ಕೆ" ಎಂದು ಅವರು ಟ್ರಂಕಿನ ಮುಚ್ಚಳ ಹಾಕಿದರು.